ಧರೆ ಜರಿದಾಗ ಮಳೆಯೊಂದೇ ಅಪರಾಧಿಯೇ?

ಮಲೆನಾಡಿನಲ್ಲಿ ಧರೆ ಜರಿದ ಮರುದಿನ ಒಂದೇ ಬಗೆಯ ಹೇಳಿಕೆ ಹೊರಡುತ್ತದೆ: ಅತಿವೃಷ್ಟಿಯಿಂದ ಗುಡ್ಡ ಕುಸಿದಿದೆ, ಇದು ಪ್ರಕೃತಿ ವಿಕೋಪ. ಅಧಿಕಾರಿಗಳ ವಾಹನಗಳು ಬಂದು ಹೋಗುತ್ತವೆ. ಪರಿಹಾರದ ಘೋಷಣೆಯಾಗುತ್ತದೆ. ರಸ್ತೆಯ ಮೇಲೆ ಬಿದ್ದ ಮಣ್ಣನ್ನು ಎತ್ತಿ ಪಕ್ಕದ ಹಳ್ಳಕ್ಕೆ ಸುರಿಯಲಾಗುತ್ತದೆ. ಮಳೆಗೆ ನೋಟಿಸು ಜಾರಿ ಮಾಡಲು ಬರುವುದಿಲ್ಲವಾದ್ದರಿಂದ ಪ್ರಕರಣ ಅಲ್ಲಿಗೆ ಮುಕ್ತಾಯ.

ಆದರೆ ಮಳೆ ಈ ಬೆಟ್ಟಗಳಿಗೆ ಹೊಸ ಅತಿಥಿಯಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಸಹ್ಯಾದ್ರಿಯ ಮೈಮೇಲೆ ಇಷ್ಟು ದಪ್ಪನೆಯ ಮಣ್ಣು ಇರುವುದೇ ಆ ಮಳೆಯ ದೆಸೆಯಿಂದ. ಮಳೆಯೇ ಕಟ್ಟಿದ್ದನ್ನು ಮಳೆಯೇ ಕೆಡವಿತು ಎಂಬ ಮಾತನ್ನು ನಂಬುವ ಮೊದಲು, ಅದು ಕಟ್ಟಿದ್ದು ಹೇಗೆ ಎಂಬುದನ್ನು ಅರಿಯಬೇಕಾಗುತ್ತದೆ.

ಶಾಲೆಯ ಭೂಗೋಳ ಪುಸ್ತಕದಲ್ಲಿ ಇದರ ಹೆಸರು ಶಿಥಿಲೀಕರಣ. ಭೌತಿಕ, ರಾಸಾಯನಿಕ, ಜೈವಿಕ ಎಂಬ ಮೂರು ವಿಧಗಳನ್ನು ವಿದ್ಯಾರ್ಥಿಗಳು ಅಂಕಗಳಿಗಾಗಿ ಕಂಠಪಾಠ ಮಾಡುತ್ತಾರೆ; ಶಾಲೆಯ ಹಿಂದಿನ ಧರೆಯಲ್ಲಿ ಆ ಮೂರೂ ಕೆಲಸ ನಡೆದಿರುವುದನ್ನು ಅವರಿಗೆ ತೋರಿಸುವವರು ವಿರಳ. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗಿ ಬಂಡೆ ಸೀಳುವುದು ಭೌತಿಕ ಕ್ರಿಯೆ. ಬಂಡೆಗೆ ಅಂಟಿದ ಕಲ್ಲುಹೂವು ಆಮ್ಲವನ್ನು ಸ್ರವಿಸಿ ಕಲ್ಲನ್ನು ತಿನ್ನುವುದು, ಬಿರುಕಿನಲ್ಲಿ ಇಳಿದ ಬೇರು ಕಲ್ಲನ್ನು ಅಗಲಿಸುವುದು ಜೈವಿಕ ಕ್ರಿಯೆ. ಮಲೆನಾಡಿನಲ್ಲಿ ಇವೆರಡಕ್ಕಿಂತ ದೊಡ್ಡ ಪಾತ್ರ ರಾಸಾಯನಿಕ ಕ್ರಿಯೆಯದು. ಮಳೆನೀರು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಬರುತ್ತದೆ. ತರಗೆಲೆ ಕೊಳೆಯುವಲ್ಲಿ, ಬೇರುಗಳು ಉಸಿರಾಡುವಲ್ಲಿ ಅದಕ್ಕಿಂತ ಹಲವು ಪಟ್ಟು ಹೆಚ್ಚು ಇಂಗಾಲದ ಡೈಆಕ್ಸೈಡ್ ಅದಕ್ಕೆ ದೊರೆಯುತ್ತದೆ. ಹೀಗೆ ದುರ್ಬಲ ಆಮ್ಲವಾದ ನೀರು ಕಲ್ಲಿನ ಬಿರುಕುಗಳಲ್ಲಿ ನಿಧಾನವಾಗಿ ಇಳಿಯುತ್ತದೆ.

ಕರ್ನಾಟಕದ ಬಹುಭಾಗದ ತಳಹದಿಯಾದ ನೈಸ್ ಶಿಲೆಗೆ ಸುಮಾರು 300 ಕೋಟಿ ವರ್ಷಗಳ ವಯಸ್ಸು. ಅದರಲ್ಲಿ ಮುಖ್ಯವಾಗಿ ಇರುವುದು ಫೆಲ್ಡ್‌ಸ್ಪಾರ್, ಬೆಣಚು ಮತ್ತು ಕಾಗೆಬಂಗಾರವೆಂದು ಜನ ಕರೆಯುವ ಅಭ್ರಕ. ಆಮ್ಲದ ನೀರು ತಗುಲಿದಾಗ ಫೆಲ್ಡ್‌ಸ್ಪಾರ್ ತನ್ನೊಳಗಿನ ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂಗಳನ್ನು ಬಿಟ್ಟುಕೊಟ್ಟು ಜೇಡಿಯಾಗುತ್ತದೆ. ಕಪ್ಪು ಖನಿಜಗಳಲ್ಲಿರುವ ಕಬ್ಬಿಣ ತುಕ್ಕು ಹಿಡಿದು ಮಣ್ಣಿಗೆ ಕೆಂಪನ್ನು ಕೊಡುತ್ತದೆ. ಬೆಣಚು ಮಾತ್ರ ಸುಲಭವಾಗಿ ಕರಗದೆ ಮರಳಾಗಿ ಉಳಿಯುತ್ತದೆ. ಇಷ್ಟಾಗಿ ಒಂದು ಅಂಗುಲ ಮಣ್ಣು ಮೂಡಲು ನೂರಾರು ವರ್ಷಗಳು ಬೇಕು. ಗಟ್ಟಿ ಶಿಲೆಯ ಮೇಲಾದರೆ ಸಾವಿರ ವರ್ಷವೂ ಹಿಡಿಯಬಹುದು. ಜೆಸಿಬಿ ಯಂತ್ರ ಅರ್ಧ ದಿನದಲ್ಲಿ ಕಡಿದು ಹಾಕುವ ಧರೆಯ ಲೆಕ್ಕವನ್ನು ಈ ಅಳತೆಯಲ್ಲಿ ಹಾಕಬೇಕು.

ಹಳೆಯ ಕಾಲದ ಬಾವಿ ತೋಡುವವರಿಗೆ ಈ ಶಾಸ್ತ್ರ ಬೇರೊಂದು ಭಾಷೆಯಲ್ಲಿ ತಿಳಿದಿತ್ತು. ಮೇಲೆ ಗೇಣುದ್ದ ಕಪ್ಪು ಗೋಡು. ಅದರ ಕೆಳಗೆ ಕೆಮ್ಮಣ್ಣು. ಹಲವು ಕಡೆ ಅದರಡಿಯಲ್ಲಿ ಜಂಬಿಟ್ಟಿಗೆ. ಅದನ್ನೂ ದಾಟಿದರೆ ಬಿಳಿ, ಹಳದಿ, ನಸುಗೆಂಪು ಬಣ್ಣಗಳ ಶೇಡಿ. ನಂತರ ನೋಡಲು ಕಲ್ಲಿನಂತೆ ಗೆರೆಗಳಿದ್ದರೂ ಗುದ್ದಲಿಗೆ ಸಿಗುವ ಕೊಳೆತ ಕಲ್ಲು. ಎಲ್ಲಕ್ಕಿಂತ ಕೆಳಗೆ ಬಂಡೆ. ಎಲ್ಲ ಗುಡ್ಡಗಳಲ್ಲಿ ಎಲ್ಲ ಪದರಗಳೂ ಇರುವುದಿಲ್ಲ, ದಪ್ಪವೂ ಒಂದೇ ಸಮನಲ್ಲ. ಆದರೆ ಈ ಸಾಲು ಮಲೆನಾಡು ಮತ್ತು ಕರಾವಳಿಯ ಜನರಿಗೆ ಚಿರಪರಿಚಿತ. 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಜಂಬಿಟ್ಟಿಗೆ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ಅದರ ಮೂಲ ಪದಕ್ಕೆ ಇಟ್ಟಿಗೆ ಎಂದೇ ಅರ್ಥ. ಇಲ್ಲಿನ ಜನ ಆಗಲೇ ಅದನ್ನು ಇಟ್ಟಿಗೆ ಕಲ್ಲೆಂದು ಕರೆಯುತ್ತಿದ್ದರು.

ಈ ಪದರಗಳಲ್ಲಿ ಶೇಡಿಯ ಮೇಲೆ ವಿಶೇಷವಾಗಿ ಗಮನವಿಡಬೇಕು. ಉತ್ತರ ಕನ್ನಡದ ಮನೆಗಳಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹೆಂಗಸರು ಶೇಡಿಯಲ್ಲಿ ಚಿತ್ರ ಬರೆಯುತ್ತಿದ್ದರು. ಗೋಡೆಯ ಕೆಂಪು ಕಲ್ಲಿನೊಳಗಿನ ಕಬ್ಬಿಣದ್ದು, ಬಿಳುಪು ಅದೇ ಕಲ್ಲಿನ ಫೆಲ್ಡ್‌ಸ್ಪಾರಿನದು. ಶೇಡಿಯ ಗುಣವನ್ನು ಆ ಹೆಂಗಸರು ಬಲ್ಲರು: ಒಣಗಿದಾಗ ಉಂಡೆ ಗಟ್ಟಿ, ನೀರಿಗೆ ಹಾಕಿದರೆ ಕ್ಷಣದಲ್ಲಿ ಕರಗಿ ಅಂಬಲಿ. ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಲ್ಲೂ ಈ ಮಣ್ಣಿನ ಅಧ್ಯಯನ ನಡೆದಿದೆ. ತಂತ್ರಜ್ಞರ ಪ್ರಬಂಧಗಳಲ್ಲಿ ಅದನ್ನು ಶೇಡಿ ಎಂಬ ದೇಶೀ ಹೆಸರಿನಿಂದಲೇ ಗುರುತಿಸುತ್ತಾರೆ. ಒಣಗಿರುವಾಗ ಸಾಕಷ್ಟು ಭಾರ ಹೊರುವ ಈ ಮಣ್ಣು ನೀರು ತುಂಬಿದಾಗ ಬಲ ಕಳೆದುಕೊಳ್ಳುತ್ತದೆ, ಬಯಲಿಗೆ ಬಿದ್ದಾಗ ಸುಲಭವಾಗಿ ಕೊಚ್ಚಿಹೋಗುತ್ತದೆ ಎಂಬುದು ಸಾರಾಂಶ. ಅಜ್ಜಿಯರಿಗೂ ಗೊತ್ತಿರುವ, ಎಂಜಿನಿಯರರಿಗೂ ಗೊತ್ತಿರುವ ಈ ಸಂಗತಿ ರಸ್ತೆಯ ಅಂದಾಜು ಪಟ್ಟಿ ತಯಾರಾಗುವಾಗ ಮಾತ್ರ ಹೇಗೆ ಮರೆತುಹೋಗುತ್ತದೆ?

ಕಡಿಯದ ಗುಡ್ಡದಲ್ಲಿ ಶೇಡಿ ಅಪಾಯಕಾರಿಯಲ್ಲವೆಂದೇನೂ ಅಲ್ಲ, ಆದರೆ ಅಲ್ಲಿ ಅದಕ್ಕೆ ರಕ್ಷಣೆ ಇರುತ್ತದೆ. ಮೇಲಿನ ಕಾಡು ಮಳೆಹನಿಯ ಪೆಟ್ಟನ್ನು ತಾಳಿಕೊಳ್ಳುತ್ತದೆ. ಬೇರುಗಳು ಮೇಲ್ಪದರವನ್ನು ಹೆಣೆದು ಹಿಡಿಯುತ್ತವೆ. ಇಂಗಿದ ನೀರು ತನ್ನದೇ ದಾರಿಯಲ್ಲಿ ಇಳಿದು ಒರತೆಯಾಗಿ ಹೊರಬೀಳುತ್ತದೆ. ಗುಡ್ಡದ ಬುಡ ಮೇಲಿನ ಭಾರಕ್ಕೆ ಆನಿಕೆಯಾಗಿ ನಿಂತಿರುತ್ತದೆ. ಆ ಬುಡವನ್ನು ಗೋಡೆಯಂತೆ ನೆಟ್ಟಗೆ ಕಡಿದಾಗ ಆನಿಕೆ ಹೋಯಿತು, ಶೇಡಿ ಬಯಲಿಗೆ ಬಿತ್ತು, ಒರತೆಯ ದಾರಿ ತುಂಡಾಯಿತು. ನೀರು ಹೊರಹೋಗಲು ಕಿಂಡಿಗಳಿಲ್ಲದ ಕಾಂಕ್ರೀಟು ಗೋಡೆ ಕಟ್ಟಿದರೆ ಗುಡ್ಡದೊಳಗಿನ ನೀರು ಅದರ ಹಿಂದೆ ನಿಂತು ಒತ್ತಡ ಏರುತ್ತದೆ. ಮುಂದಿನ ಆಷಾಢದಲ್ಲೋ, ಐದು ವರ್ಷದ ನಂತರದ ಶ್ರಾವಣದಲ್ಲೋ, ಬಂಡೆಗೂ ಮಣ್ಣಿಗೂ ನಡುವೆ ನೀರು ತುಂಬಿದ ದಿನ ಗುಡ್ಡ ಇಳಿದು ಬರುತ್ತದೆ. ಆ ದಿನ ಮಳೆಯೂ ಇರುತ್ತದೆ. ಆದ್ದರಿಂದ ಮಳೆಯೇ ಅಪರಾಧಿಯೆಂದು ಬರೆದುಕೊಳ್ಳುತ್ತಾರೆ.

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ, ಮಾದಾಪುರದ ಸುತ್ತಿನ ಗುಡ್ಡಗಳು ಜರಿದವು. ಮನೆ, ರಸ್ತೆ, ರೆಸಾರ್ಟುಗಳಿಗಾಗಿ ಇಳಿಜಾರನ್ನು ಮನಬಂದಂತೆ ಕಡಿದದ್ದು ಪ್ರಮುಖ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ತಜ್ಞರೇ ಹೇಳಿದರು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಇಳಿದು ಬಂದದ್ದು ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣಕ್ಕಾಗಿ ಬುಡ ಕಡಿದಿದ್ದ ಜಾಗದಲ್ಲಿ. ರಸ್ತೆ ಬದಿಯ ಚಹಾದಂಗಡಿ, ಅದರೊಳಗಿನ ಸಂಸಾರ, ನಿಂತಿದ್ದ ಲಾರಿ ಎಲ್ಲವೂ ಮಣ್ಣಿನೊಡನೆ ಹೋದವು. ಮಣ್ಣು ಗಂಗಾವಳಿಗೆ ನುಗ್ಗಿದ ರಭಸಕ್ಕೆ ಎದ್ದ ನೀರು ಎದುರು ದಡದ ಉಳುವರೆಯ ಮನೆಗಳನ್ನೂ ಕೆಡವಿತು.

ಇದಕ್ಕೆ ಒಂದು ಪ್ರತಿವಾದವುಂಟು, ಅದನ್ನು ಮರೆಮಾಚಬೇಕಿಲ್ಲ. ಯಾರೂ ಕಡಿಯದ ಕಾಡಿನ ಇಳಿಜಾರುಗಳೂ ಕೆಲವೊಮ್ಮೆ ಜರಿಯುತ್ತವೆ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳನ್ನು ಅಳಿಸಿಹಾಕಿದ ಪ್ರವಾಹದ ಮೂಲ ಊರಿನಿಂದ ಬಹು ಮೇಲೆ, ಕಡಿದಾದ ಇಳಿಜಾರಿನ ತುದಿಯಲ್ಲಿತ್ತು. ಕೆಲವೇ ಗಂಟೆಗಳಲ್ಲಿ ಸುರಿಯುವ ಮಳೆಯ ಪ್ರಮಾಣ ಏರುತ್ತಿರುವುದೂ ನಿಜ. ಆದರೆ ಇದರಿಂದ ಹೊರಡುವ ತೀರ್ಮಾನ ಗುತ್ತಿಗೆದಾರರು ಬಯಸುವಂಥದಲ್ಲ. ತಾನಾಗಿಯೇ ಜರಿಯಬಲ್ಲ ಗುಡ್ಡದ ಬುಡವನ್ನು ಕಡಿಯುವುದು ಇನ್ನೂ ದೊಡ್ಡ ಅಪರಾಧ. ಮಳೆ ಬಿರುಸಾಗುತ್ತಿದೆಯೆಂದು ಗೊತ್ತಿದ್ದೂ ಹಳೆಯ ಅಳತೆಯ ಚರಂಡಿ ಕಟ್ಟುವುದು ಅಜ್ಞಾನವಲ್ಲ, ಅಲಕ್ಷ್ಯ.

ದೂರೆಲ್ಲ ಸರ್ಕಾರದ ಮೇಲೆಯೇ ಎಂದು ಹಳ್ಳಿಗರು ಕೈತೊಳೆದುಕೊಳ್ಳುವಂತೆಯೂ ಇಲ್ಲ. ಅಂಗಳ ಅಗಲವಾಗಲೆಂದು ಮನೆಯ ಹಿಂದಿನ ಧರೆಯನ್ನು ವರ್ಷವರ್ಷವೂ ಕೆತ್ತುವವರು ಹಳ್ಳಿಗರೇ. ಅಡಿಕೆಗೆ ಬೆಲೆ ಬಂದಾಗ ಸೊಪ್ಪಿನಬೆಟ್ಟವನ್ನು ಬೋಳಿಸಿ ಮೆಟ್ಟಿಲು ಕಡಿದವರೂ ಅವರೇ. ಗುಡ್ಡದ ನೆತ್ತಿಯಲ್ಲಿ ಕೆರೆ ತೋಡಿ ಪ್ಲಾಸ್ಟಿಕ್ ಹಾಸುವುದು, ಕಡಿದಾದ ಇಳಿಜಾರಿನಲ್ಲಿ ಸಾಲುಸಾಲು ಇಂಗುಗುಂಡಿ ತೆಗೆಯುವುದು ಜಲಸಂರಕ್ಷಣೆಯ ಹೆಸರಿನಲ್ಲಿ ನಡೆಯುತ್ತಿದೆ. ನೀರಿಂಗಿಸುವುದು ಒಳ್ಳೆಯ ಕೆಲಸ. ಬಯಲಲ್ಲಿ, ಇಳುಕಲು ಕಡಿಮೆಯಿರುವಲ್ಲಿ ಅದು ಆಗಲೇಬೇಕು. ಕೆಳಗೆ ಶೇಡಿಯಿರುವ ಕಡಿದಾದ ಗುಡ್ಡಕ್ಕೆ ಮಾತ್ರ ಅದು ಔಷಧವಲ್ಲ, ವಿಷ.

ಮಣ್ಣು ಹೋದರೆ ಏನು ಹೋಗುತ್ತದೆ ಎಂಬುದನ್ನೂ ಲೆಕ್ಕ ಹಾಕಬೇಕು. ಇಷ್ಟು ಮಳೆ ಬೀಳುವ ನಾಡಿನಲ್ಲಿ ಕಲ್ಲಿನಿಂದ ಬಿಡುಗಡೆಯಾದ ಪೋಷಕಾಂಶಗಳ ಹೆಚ್ಚಿನ ಪಾಲು ಹೊಳೆ ಸೇರಿರುತ್ತದೆ. ಉಳಿಯುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಆಳದ ಕೆಮ್ಮಣ್ಣು ನೋಡಲು ಸಮೃದ್ಧ, ಬೆಳೆಗೆ ಬಡವ. ಮಲೆನಾಡಿನ ಫಲವತ್ತತೆ ಇರುವುದು ಎಲೆ ಕೊಳೆತು ಆದ ಮೇಲಿನ ತೆಳುವಾದ ಗೋಡಿನಲ್ಲಿ. ಒಂದು ಎಕರೆ ಅಡಿಕೆ ತೋಟಕ್ಕೆ ಹಲವು ಎಕರೆ ಸೊಪ್ಪಿನಬೆಟ್ಟ ಬೇಕೆಂದು ಹಿರಿಯರು ಇರಿಸಿಕೊಂಡ ಪದ್ಧತಿಯ ಅರ್ಥ ಇದೇ. ಗುಡ್ಡ ಜರಿದಾಗ ಈ ಗೋಡು ಕೆಳಗಾಗಿ, ಶೇಡಿ ಮೇಲಾಗಿ ತೋಟವನ್ನು ಹೂಳುತ್ತದೆ. ಜಮೀನು ನಷ್ಟಕ್ಕೆ ಹೆಕ್ಟೇರಿಗಿಷ್ಟು ಎಂಬ ಸರ್ಕಾರಿ ದರವುಂಟು. ಆ ಹಣಕ್ಕೆ ಸಾವಿರ ವರ್ಷದ ಮಣ್ಣು ಸಿಗುವ ಅಂಗಡಿ ಎಲ್ಲಿಯೂ ಇಲ್ಲ.

ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಸಮಿತಿ 2011ರಲ್ಲಿ, ಕಸ್ತೂರಿರಂಗನ್ ಅಧ್ಯಕ್ಷತೆಯ ತಂಡ 2013ರಲ್ಲಿ ಪಶ್ಚಿಮ ಘಟ್ಟಗಳ ಬಗೆಗೆ ವರದಿ ಕೊಟ್ಟವು. 2014ರಿಂದ 2024ರವರೆಗೆ ಕೇಂದ್ರ ಸರ್ಕಾರ ಆರು ಬಾರಿ ಕರಡು ಅಧಿಸೂಚನೆ ಹೊರಡಿಸಿತು. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕದ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ವರದಿ ಜಾರಿಯಾದರೆ ಮನೆ, ತೋಟ ಬಿಡಬೇಕಾದೀತೆಂಬ ಭಯ ಹಳ್ಳಿಗಳಲ್ಲಿದೆ. ಆ ಭಯವನ್ನು ಹೋಗಲಾಡಿಸುವ ಪ್ರಾಮಾಣಿಕ ಪ್ರಯತ್ನ ನಡೆಯಲಿಲ್ಲ. ಅದನ್ನು ಬೆಳೆಸಿ ಲಾಭ ಪಡೆದವರು ಅನೇಕರು. ವರದಿ ಬೇಡವೆನ್ನುವವರಿಗೂ ಧರೆಯ ಕೆಳಗೆ ಹೂತುಹೋಗುವುದು ಬೇಕಿಲ್ಲವಷ್ಟೆ. ಹಾಗಿದ್ದರೆ ಯಾವ ವರದಿಯ ಹಂಗೂ ಇಲ್ಲದೆ ಕೇಳಬಹುದಾದ ಬೇಡಿಕೆಗಳಿವೆ.

ಗುಡ್ಡ ಕಡಿಯುವ ಯಾವ ಕಾಮಗಾರಿಗೂ ಮೊದಲು ಬಂಡೆಯವರೆಗೆ ಕೊರೆದು ಪದರಗಳನ್ನು ಪರೀಕ್ಷಿಸಬೇಕು, ಆ ವರದಿಯನ್ನು ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಓದಬೇಕು. ಶೇಡಿ ಕಂಡಲ್ಲಿ ನೆಟ್ಟಗೆ ಕಡಿಯುವುದನ್ನು ನಿಷೇಧಿಸಬೇಕು. ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರು ಕೊಟ್ಟು, ಒರತೆಗೆ ದಾರಿ ಬಿಟ್ಟು, ಬಸಿಗಾಲುವೆ ತೆಗೆದ ಮೇಲೆಯೇ ಬಿಲ್ಲು ಪಾವತಿಯಾಗಬೇಕು. ಕಡಿದ ಮಣ್ಣನ್ನು ಹಳ್ಳಕ್ಕೆ ಸುರಿದವರಿಗೆ ದಂಡ ಬೀಳಬೇಕು. ಜರಿದ ಪ್ರತಿಯೊಂದು ಗುಡ್ಡದ ಕುರಿತು ಯಾರು, ಯಾವಾಗ, ಎಷ್ಟು ಕಡಿದರು ಎಂಬ ದಾಖಲೆ ಬಹಿರಂಗವಾಗಬೇಕು.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸಕ್ಕೆ ಯಾರ ಅಪ್ಪಣೆಯೂ ಬೇಡ. ಮಳೆಗಾಲದ ಮೊದಲು ಊರಿನ ಧರೆಗಳನ್ನು ಸುತ್ತಿ ಪದರಗಳನ್ನು ಗುರುತಿಸಿ ನಕ್ಷೆ ಬರೆಯಬಹುದು. ಹೊಸದಾಗಿ ಬಾಯಿಬಿಟ್ಟ ಬಿರುಕು, ವಾಲಿದ ಮರ, ತಟ್ಟನೆ ಬತ್ತಿದ ಅಥವಾ ಕೆಂಪಾದ ಒರತೆ ಕಂಡರೆ ಪಂಚಾಯಿತಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಬಹುದು. ಆ ಕಾಗದ ಕಡತದಲ್ಲಿ ಇದ್ದರೆ, ಧರೆ ಜರಿದ ಮರುದಿನ ಎಲ್ಲವನ್ನೂ ಮಳೆಯ ತಲೆಗೆ ಕಟ್ಟುವುದು ಅಷ್ಟು ಸುಲಭವಾಗದು.