ನಾಲ್ಕು ಎಕರೆ ಇಪ್ಪತ್ತು ಗುಂಟೆ ಮತ್ತು ಒಂದು ಎಕ್ಸೆಲ್ ಫೈಲು

ಮಾರ್ಚ್ ಕಳೆಯಿತು ಅಂದರೆ ಸಂಜೆ ಹೊತ್ತು ನಮ್ಮ ಮನೆ ಜಗಲಿಗೆ ಒಬ್ಬೊಬ್ಬರಾಗಿ ಬರೋಕೆ ಶುರು ಮಾಡುತ್ತಾರೆ. ಮೊದಲೇ ಹೇಳಿಬಿಡುತ್ತೇನೆ, ನಾನು ಸಿಎ ಅಲ್ಲ. ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವವನು. ಗೊತ್ತಿರುವವರ ಇನ್ಕಮ್ ಟ್ಯಾಕ್ಸ್ ರಿಟರ್ನ್ ತುಂಬಿಕೊಡುವುದು ಎಷ್ಟೋ ವರ್ಷದಿಂದ ಅಂಟಿಕೊಂಡ ಚಟ. ಫ್ಯಾಕ್ಟರಿ ಹುಡುಗರು, ಒಂದೆರಡು ಲಾರಿ ಇಟ್ಟುಕೊಂಡಿರುವವರು, ತರಕಾರಿ ಮಾರ್ಕೆಟ್ಟಿನ ಮಂಡಿಯವರು, ಗುಬ್ಬಿ ಕಡೆ ಅಡಿಕೆ ತೋಟ ಇರುವ ನೆಂಟರು... ಎಲ್ಲರೂ ಕೂರುವ ಮೊದಲೇ ಕೇಳುವುದು ಒಂದೇ: “ಈ ವರ್ಷದ ಫಾರಂ ಬಂತಾ?”

ಗೊತ್ತಿಲ್ಲದವರಿಗೆ ಒಂದು ಮಾತು. ರಿಟರ್ನ್ ಫಾರಂ ಪ್ರತಿ ವರ್ಷ ಹೊಸದು. ಹೋದ ವರ್ಷದ್ದನ್ನೇ ತೆಗೆದು ಇಸವಿ ತಿದ್ದಿ ಕಳಿಸೋಕೆ ಆಗಲ್ಲ. ಮೊದಲು ಗೆಜೆಟ್ಟಿನಲ್ಲಿ ಫಾರಂ ಬರಬೇಕು, ಆಮೇಲೆ ಇಲಾಖೆಯವರು ಅದರ ಎಕ್ಸೆಲ್ ಫೈಲು (ಯುಟಿಲಿಟಿ ಅಂತಾರೆ) ಸೈಟಿನಲ್ಲಿ ಹಾಕಬೇಕು, ಆಮೇಲೆ ನಾವು ತುಂಬಬೇಕು. ದುಡ್ಡು ಕೊಟ್ಟು ತಂದ ಸಾಫ್ಟ್‌ವೇರ್ ಇದ್ದರೂ ಅಷ್ಟೇ. ಅದು ತಯಾರಿಸುವ ಜೆಸನ್ ಫೈಲನ್ನು ಸೈಟು ಒಪ್ಪಿಕೊಳ್ಳಬೇಕಲ್ಲ? ಸಿಎಗಳೂ ಕಾಯುತ್ತಾರೆ, ಸಾಫ್ಟ್‌ವೇರ್ ಮಾಡುವವರೂ ಕಾಯುತ್ತಾರೆ, ನಾನೂ ಕಾಯುತ್ತೇನೆ. ಇಳಿಸಿಕೊಂಡ ಮೇಲೆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸಿಗೆ ಹೋಗಿ ‘ಅನ್‌ಬ್ಲಾಕ್’ ಒತ್ತದಿದ್ದರೆ ಮ್ಯಾಕ್ರೋ ಓಡಲ್ಲ ಅನ್ನುವುದು ಬೇರೆ ಪುರಾಣ, ಬಿಡಿ.

2025ರಲ್ಲಿ ಏನಾಯ್ತು ನೋಡಿ. ಮಾರ್ಚ್ 31ಕ್ಕೆ ವರ್ಷದ ಲೆಕ್ಕ ಮುಗಿಯಿತು. ಫಾರಂ 1 ಮತ್ತು 4 ಗೆಜೆಟ್ಟಿಗೆ ಬಂದಿದ್ದು ಏಪ್ರಿಲ್ 29ಕ್ಕೆ, 3 ಏಪ್ರಿಲ್ 30ಕ್ಕೆ, 2 ಬಂದಿದ್ದು ಮೇ 3ಕ್ಕೆ. 1 ಮತ್ತು 4ರ ಎಕ್ಸೆಲ್ ಬರುವಷ್ಟರಲ್ಲಿ ಮೇ ತಿಂಗಳೇ ಮುಗಿಯುತ್ತಾ ಬಂದಿತ್ತು. 2 ಮತ್ತು 3ರ ಎಕ್ಸೆಲ್ ಬಂದಿದ್ದು ಜುಲೈ 11ಕ್ಕೆ! ಕೊನೇ ದಿನ ಮೂಲತಃ ಜುಲೈ 31. ಅಷ್ಟು ಹೊತ್ತಿಗೆ ಅದನ್ನು ಸೆಪ್ಟೆಂಬರ್ 15ಕ್ಕೆ ತಳ್ಳಿಯಾಗಿತ್ತು, ಕೊನೆಗೆ ಇನ್ನೂ ಒಂದು ದಿನ ಸೇರಿಸಿ 16 ಮಾಡಿದರು. ಪೇಪರಿನಲ್ಲಿ ‘ತೆರಿಗೆದಾರರಿಗೆ ರಿಲೀಫ್’ ಅಂತ ಬಂತು.

ಯಾರಿಗೆ ರಿಲೀಫು? ನಮ್ಮ ಮಂಡಿ ಯಜಮಾನರ ಕಥೆ ಕೇಳಿ. ತರಕಾರಿ ಮಂಡಿ ಅಂದರೆ ಕಮಿಷನ್ ವ್ಯಾಪಾರ. ಸಣ್ಣ ವ್ಯಾಪಾರಿಗಳಿಗೆ ವಹಿವಾಟಿನ ಮೇಲೆ ಇಷ್ಟು ಪರ್ಸೆಂಟ್ ಲಾಭ ಅಂತ ತೋರಿಸಿ ಕೈತೊಳೆದುಕೊಳ್ಳುವ 44ಎಡಿ ಅನ್ನುವ ಸುಲಭದ ದಾರಿ ಇದೆ. ಆದರೆ ಕಮಿಷನ್ ಮತ್ತು ದಲ್ಲಾಳಿ ಆದಾಯಕ್ಕೆ ಅದು ಇಲ್ಲ. ಪಕ್ಕದಲ್ಲಿ ಟೊಮೆಟೊ ಕೊಂಡು ಮಾರುವವನಿಗೆ ಫಾರಂ 4 ಸಾಕು, ಅದೇ ಟೊಮೆಟೊ ಹರಾಜು ಕೂಗುವ ಯಜಮಾನರಿಗೆ ಫಾರಂ 3 ಬೇಕು, ಜೊತೆಗೆ ಲೆಕ್ಕದ ಪುಸ್ತಕ, ಬ್ಯಾಲೆನ್ಸ್ ಶೀಟು. ಅವರ ಪುಸ್ತಕ ಏಪ್ರಿಲ್‌ನಲ್ಲೇ ನಾನು ಮುಗಿಸಿಕೊಟ್ಟಿದ್ದೆ.

ಜೂನ್‌ನಲ್ಲಿ ಅವರ ಮಗಳಿಗೆ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಆಯಿತು. ಎಜುಕೇಶನ್ ಲೋನಿಗೆ ಬ್ಯಾಂಕಿಗೆ ಹೋದರೆ ಈ ವರ್ಷದ ರಿಟರ್ನ್ ತನ್ನಿ ಅಂದರು. ಯಜಮಾನರು ನೇರ ನಮ್ಮ ಜಗಲಿಗೆ ಬಂದರು.

“ಹಾಕಪ್ಪಾ ಬೇಗ, ಲೆಕ್ಕ ಎಲ್ಲಾ ರೆಡಿ ಐತಲ್ಲ.”

“ಯಜಮಾನ್ರೇ, ನಿಮ್ಮ ಫಾರಮ್ಮಿಂದು ಎಕ್ಸೆಲ್ ಇನ್ನೂ ಬಂದಿಲ್ಲ.”

“ಬಂದಿಲ್ಲ ಅಂದ್ರೆ? ಟ್ಯಾಕ್ಸ್ ಕಟ್ತೀನಿ ಅಂದ್ರೂ ಈಸ್ಕಳಲ್ವಾ?”

ತೆರಿಗೆ ಕಟ್ಟಬಹುದಿತ್ತು, ಕಟ್ಟಿಯೂ ಆಗಿತ್ತು. ರಿಟರ್ನ್ ಮಾತ್ರ ಕೊಡೋಕೆ ಆಗುತ್ತಿರಲಿಲ್ಲ. ಅದನ್ನು ಅವರಿಗೆ ಅರ್ಥ ಮಾಡಿಸೋಕೆ ನನಗೂ ನಾಚಿಕೆ ಆಯಿತು, ತಪ್ಪು ನನ್ನದೇನೋ ಅನ್ನುವ ಹಾಗೆ. ಕೊನೆಗೆ ಅವರು ಮಾರ್ಕೆಟ್ಟಿನಲ್ಲೇ ಒಬ್ಬರ ಹತ್ತಿರ ಒಂದೂವರೆ ಲಕ್ಷ ಕೈಸಾಲ ತಂದು ಫೀಸು ಕಟ್ಟಿದರು, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ಜುಲೈನಲ್ಲಿ ಎಕ್ಸೆಲ್ ಬಂತು, ರಿಟರ್ನ್ ಹಾಕಿದೆ, ಆಗಸ್ಟಿನಲ್ಲಿ ಲೋನ್ ಆಯಿತು. “ಫಾರಮ್ಮಿಗೆ ಆರು ಸಾವಿರ ಬಿತ್ತು ಕಣಪ್ಪಾ” ಅಂದರು, ನಗುತ್ತಲೇ. ಕೊನೇ ದಿನ ಮುಂದೆ ಹೋಗಿದ್ದರಿಂದ ಅವರಿಗೆ ನಯಾಪೈಸೆ ಉಪಯೋಗ ಆಗಲಿಲ್ಲ. ತಡವಾಗಿ ಕೊಡುವವನಿಗೆ ಗಡುವು ಬೇಕು, ಬೇಗ ಬೇಕಾದವನಿಗೆ ಫಾರಂ ಬೇಕು.

ನನ್ನ ಸಿಟ್ಟು ಇರುವುದು ಇಲ್ಲಿ. ಕಾನೂನು ಬದಲಾದ್ದರಿಂದ ಫಾರಂ ತಡವಾಯಿತು ಅನ್ನುವ ವಾದ ನನಗೆ ಒಪ್ಪಿಗೆ ಆಗುವುದಿಲ್ಲ. 2025ರಲ್ಲಿ ತುಂಬಿದ್ದು 2024-25ರ ಆದಾಯ. ಆ ವರ್ಷದ ದೊಡ್ಡ ಬದಲಾವಣೆ ಯಾವುದು? ಷೇರು, ಸೈಟು ಮಾರಿದ ಲಾಭಕ್ಕೆ 2024ರ ಜುಲೈ 23ಕ್ಕೆ ಮುಂಚೆ ಒಂದು ದರ, ಆಮೇಲೆ ಒಂದು ದರ. ಅದು ಗೊತ್ತಾಗಿದ್ದು 2024ರ ಜುಲೈ 23ರ ಬಜೆಟ್ಟಿನಲ್ಲೇ. ಅಲ್ಲಿಂದ 2025ರ ಜುಲೈ 11ಕ್ಕೆ ಹೆಚ್ಚುಕಡಿಮೆ ಒಂದು ವರ್ಷ. ಒಂದು ವರ್ಷದಲ್ಲಿ ಎರಡು ಕಾಲಂ ಸೇರಿಸೋಕೆ ಆಗಲಿಲ್ವಾ?

ಆಗಲ್ಲ ಅಂತಲೂ ಅಲ್ಲ, ಆಗುತ್ತೆ. ಅದರ ಹಿಂದಿನ ಸಲ ಮಾಡಿ ತೋರಿಸಿದ್ದರಲ್ಲ! 2023ರ ಡಿಸೆಂಬರ್ 22ಕ್ಕೇ ಫಾರಂ 1 ಮತ್ತು 4 ಗೆಜೆಟ್ಟಿಗೆ ಬಂದಿದ್ದವು. 2024ರ ಏಪ್ರಿಲ್ 1ಕ್ಕೆ 1, 2, 4 ಮೂರೂ ಸೈಟಿನಲ್ಲಿ ತುಂಬೋಕೆ ತಯಾರಿದ್ದವು. ನಾನಂತೂ ಖುಷಿಯಿಂದ ಫ್ಯಾಕ್ಟರಿ ಹುಡುಗರಿಗೆಲ್ಲ ಟೀ ಕುಡಿಸಿದ್ದೆ.

ಆ ಖುಷಿ ಜುಲೈ 5ರವರೆಗೆ. ಆವತ್ತು ಯುಟಿಲಿಟಿಯ ಹೊಸ ಆವೃತ್ತಿ ಬಂತು, ಅದರೊಳಗೆ ಒಂದು ಲೆಕ್ಕ ಬದಲಾಗಿತ್ತು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹೊಸ ಪದ್ಧತಿಯಲ್ಲಿ ಆಗ ಒಟ್ಟು ಆದಾಯ 7 ಲಕ್ಷದ ಒಳಗಿದ್ದರೆ 87ಎ ಪ್ರಕಾರ 25,000 ರೂಪಾಯಿವರೆಗೆ ತೆರಿಗೆ ಮಾಫಿ. ಒಬ್ಬನಿಗೆ ಕಡಿತ ಎಲ್ಲ ಕಳೆದು ಸಂಬಳ 5,60,000, ಷೇರಿನ ಅಲ್ಪಾವಧಿ ಲಾಭ 60,000 ಅಂತ ಇಟ್ಟುಕೊಳ್ಳಿ. ಸಂಬಳದ ಮೇಲೆ 13,000, ಷೇರಿನ ಮೇಲೆ ಶೇ 15ರಂತೆ 9,000, ಒಟ್ಟು 22,000. ಜುಲೈ 4ಕ್ಕೆ ತುಂಬಿದರೆ ಪೂರ್ತಿ ಮಾಫಿ, ತೆರಿಗೆ ಸೊನ್ನೆ. ಜುಲೈ 6ಕ್ಕೆ ತುಂಬಿದರೆ ಷೇರಿನ ಪಾಲಿಗೆ ಮಾಫಿ ಇಲ್ಲ, ಸೆಸ್ ಸೇರಿ 9,360 ಕಟ್ಟು. ಮಧ್ಯೆ ಸಂಸತ್ತು ಏನನ್ನೂ ತಿದ್ದಿರಲಿಲ್ಲ. ತಿದ್ದಿದ್ದು ಎಕ್ಸೆಲ್ ಶೀಟಿನ ಒಂದು ಫಾರ್ಮುಲಾ.

ಮಾಫಿ ಸಿಗಬೇಕಿತ್ತೋ ಇಲ್ಲವೋ ಅನ್ನುವುದರಲ್ಲಿ ಎರಡು ವಾದ ಇದೆ, ನಾನು ವಕೀಲನಲ್ಲ. ಆದರೆ ಕೇಳುವ ಹಕ್ಕನ್ನೇ ಸಾಫ್ಟ್‌ವೇರ್ ಕಿತ್ತುಕೊಳ್ಳಬಹುದಾ? ಆ ಖಾನೆಯಲ್ಲಿ ಅಂಕಿ ತುಂಬೋಕೇ ಬಿಡುತ್ತಿರಲಿಲ್ಲ. ಕಾಗದದ ಕಾಲದಲ್ಲಿ ತಪ್ಪೋ ಒಪ್ಪೋ ನಮ್ಮ ಕೈಯಾರೆ ಬರೆದು ಕೊಡಬಹುದಿತ್ತು. ಅಧಿಕಾರಿ ಒಪ್ಪದಿದ್ದರೆ ನೋಟಿಸ್ ಕೊಡುತ್ತಿದ್ದರು, ಅಪೀಲು ಹೋಗಬಹುದಿತ್ತು. ಮುಂಬೈಯ ಟ್ಯಾಕ್ಸ್ ಕನ್ಸಲ್ಟೆಂಟುಗಳ ಸಂಘವೊಂದು ಬಾಂಬೆ ಹೈಕೋರ್ಟಿಗೆ ಹೋಯಿತು. ಕೋರ್ಟು 2024ರ ಡಿಸೆಂಬರ್‌ನಲ್ಲಿ ಗಡುವು ಮುಂದೆ ಹಾಕಿಸಿತು, 2025ರ ಜನವರಿ 24ರಂದು ಯುಟಿಲಿಟಿ ಕ್ಲೇಮನ್ನು ತಡೆಯುವಂತಿಲ್ಲ, ಕೇಳೋಕೆ ಅವಕಾಶ ಇರಲೇಬೇಕು ಅಂತ ತೀರ್ಪು ಕೊಟ್ಟಿತು. ಆಮೇಲೆ ಸರ್ಕಾರ 2025ರ ಬಜೆಟ್ಟಿನಲ್ಲಿ, ವಿಶೇಷ ದರದ ಆದಾಯಕ್ಕೆ ಮಾಫಿ ಇಲ್ಲ ಅಂತ ಮುಂದಿನ ವರ್ಷಗಳಿಗೆ ಕಾನೂನಿನಲ್ಲೇ ಬರೆಯಿತು. ಸರಿ, ಬರೆಯಲಿ, ಅದು ಸಂಸತ್ತಿನ ಕೆಲಸ. ಮೊದಲು ಅಲ್ಲಿ ಬರೆದು ಆಮೇಲೆ ಶೀಟಿಗೆ ಇಳಿಸಬೇಕಿತ್ತು. ಇಲ್ಲಿ ಶೀಟು ಮುಂದೆ, ಕಾನೂನು ಹಿಂದೆ.

ಅಮೆರಿಕದಲ್ಲಿರುವ ನನ್ನ ಸೋದರತ್ತೆ ಮಗ ಇದನ್ನೆಲ್ಲ ಕೇಳಿ ನಕ್ಕ. ಅಲ್ಲಿ ಕೇಂದ್ರಕ್ಕೆ ಬೇರೆ, ರಾಜ್ಯಕ್ಕೆ ಬೇರೆ ಇನ್ಕಮ್ ಟ್ಯಾಕ್ಸ್. ಅವನು ಟೆಕ್ಸಾಸ್‌ನಲ್ಲಿದ್ದಾಗ ರಾಜ್ಯದ್ದು ಇರಲಿಲ್ಲ, ಕ್ಯಾಲಿಫೋರ್ನಿಯಾಗೆ ಹೋದ ಮೇಲೆ ಫಾರಂ 540 ಅಂತ ಇನ್ನೊಂದು ತಲೆನೋವು. ಅಲ್ಲೂ ಜನವರಿಯಲ್ಲಿ ಸಾಫ್ಟ್‌ವೇರ್ ತೆರೆದರೆ ರಾಜ್ಯದ ಫಾರಂ ಇನ್ನೂ ಅಪ್‌ಡೇಟ್ ಆಗಿಲ್ಲ, ಇಂಥಾ ದಿನ ಬನ್ನಿ ಅನ್ನುತ್ತದಂತೆ. ಆದರೆ ಕೇಂದ್ರದವರು ಮುಂದಿನ ವರ್ಷದ ಫಾರಮ್ಮಿನ ಕರಡನ್ನು ತಿಂಗಳುಗಟ್ಟಲೆ ಮುಂಚೆ ಹೊರಗೆ ಹಾಕಿರುತ್ತಾರೆ, ಸಾಫ್ಟ್‌ವೇರ್ ಮಾಡುವವರು ಅದನ್ನು ನೋಡಿ ಕೆಲಸ ಶುರು ಮಾಡಿಕೊಳ್ಳುತ್ತಾರೆ. ಅಷ್ಟು ಇಲ್ಲೂ ಮಾಡಬಹುದಲ್ಲ?

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಕೊಡುತ್ತೇನೆ. ಸಂಬಳದಲ್ಲಿ ತಿಂಗಳಿಗೆ 200 ರೂಪಾಯಿ ವೃತ್ತಿ ತೆರಿಗೆ ಹಿಡಿಯುತ್ತಾರಲ್ಲ, ಅದು ಕರ್ನಾಟಕ ಸರ್ಕಾರದ್ದು, 1976ರ ಕಾಯ್ದೆ. ಸಂವಿಧಾನ ವರ್ಷಕ್ಕೆ 2,500ರ ಮಿತಿ ಹಾಕಿದೆ, ನಮ್ಮದು 2,400 ಆಗುತ್ತಿತ್ತು. 2025ರ ಏಪ್ರಿಲ್ 1ರಿಂದ ಫೆಬ್ರವರಿ ತಿಂಗಳಿಗೆ ಮಾತ್ರ 300 ಅಂತ ಮಾಡಿ ಆ ನೂರನ್ನೂ ಬಿಡದೆ ವಸೂಲಿಗೆ ನಿಂತರು. ಬೈದುಕೊಂಡೆ, ಸುಳ್ಳು ಯಾಕೆ ಹೇಳಲಿ. ಆದರೆ ಬದಲಾವಣೆ ಏಪ್ರಿಲ್‌ಗೇ ಗೊತ್ತಿತ್ತು, ಅದು ತಾಗುವುದು ಮುಂದಿನ ಫೆಬ್ರವರಿಗೆ. ಫ್ಯಾಕ್ಟರಿಯ ಸಂಬಳದ ಸಾಫ್ಟ್‌ವೇರಿನಲ್ಲಿ ತಿದ್ದಿಕೊಳ್ಳೋಕೆ ಹತ್ತು ತಿಂಗಳು ಇತ್ತು. ನೂರು ರೂಪಾಯಿ ಹೆಚ್ಚು ಕೇಳುವವರು ಕೊಟ್ಟಷ್ಟು ಸಮಯವನ್ನಾದರೂ ಉಳಿದವರು ಕೊಡಬೇಕು.

ಇನ್ನು ಶೀರ್ಷಿಕೆಗೆ ಬರುತ್ತೇನೆ, ಇದು ನನ್ನದೇ ಎಡವಟ್ಟು. ನಮ್ಮ ಚಿಕ್ಕಪ್ಪ ರಿಟೈರ್ಡ್ ಮೇಷ್ಟ್ರು, ಗುಬ್ಬಿ ತಾಲ್ಲೂಕಿನಲ್ಲಿ ಅಡಿಕೆ ತೋಟ. ಕೃಷಿ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರ ಸಂವಿಧಾನದ ಪ್ರಕಾರ ರಾಜ್ಯಕ್ಕೆ, ಕೇಂದ್ರಕ್ಕಲ್ಲ. ಆದರೂ ಉಳಿದ ಆದಾಯದ ದರ ಲೆಕ್ಕ ಹಾಕೋಕೆ ಕೇಂದ್ರದ ಫಾರಂ ಅದನ್ನು ಕೇಳುತ್ತದೆ. 5,000 ದಾಟಿದರೆ ಫಾರಂ 1 ನಡೆಯಲ್ಲ. 5 ಲಕ್ಷ ದಾಟಿದರೆ ಜಿಲ್ಲೆ, ಪಿನ್ ಕೋಡು, ಸ್ವಂತದ್ದೋ ಗುತ್ತಿಗೆಯೋ, ನೀರಾವರಿಯೋ ಖುಷ್ಕಿಯೋ, ಎಷ್ಟು ಎಕರೆ ಎಲ್ಲ ಬರೆಯಬೇಕು. ಒಂದು ವರ್ಷ ಅಡಿಕೆ ರೇಟು ಚೆನ್ನಾಗಿತ್ತು, 5 ಲಕ್ಷ ದಾಟಿತು. ಪಹಣಿ ನೋಡಿದೆ, ನಾಲ್ಕು ಎಕರೆ ಇಪ್ಪತ್ತು ಗುಂಟೆ. 4.20 ಅಂತ ಕುಟ್ಟಿದೆ. ಶೀಟು ಒಪ್ಪಿಕೊಂಡಿತು.

ನಲವತ್ತು ಗುಂಟೆಗೆ ಒಂದು ಎಕರೆ. ಇಪ್ಪತ್ತು ಗುಂಟೆ ಅಂದರೆ ಅರ್ಧ ಎಕರೆ, 4.50 ಬರಬೇಕಿತ್ತು. ಚಿಕ್ಕಪ್ಪನೇ ಪ್ರಿಂಟು ನೋಡಿ ಹಿಡಿದರು. “ಏನ್ಲಾ, ನನ್ ಹನ್ನೆರಡು ಗುಂಟೆ ಯಾರಿಗ್ ಬರ್ಕೊಟ್ಟೆ?” ತೆರಿಗೆಯಲ್ಲಿ ಒಂದು ರೂಪಾಯಿ ವ್ಯತ್ಯಾಸ ಇರಲಿಲ್ಲ, ಆದರೂ ಮೇಷ್ಟ್ರು ಬಿಡಬೇಕಲ್ಲ, ರಿವೈಸ್ಡ್ ರಿಟರ್ನ್ ಹಾಕಿಸಿದರು. ಫಾರಂ ಗೆಜೆಟ್ಟಿನಲ್ಲಿ ಬರುವುದು ಹಿಂದಿ ಇಂಗ್ಲಿಷಿನಲ್ಲಿ. ನಾನು ತುಂಬುವ ಶೀಟು ಇಂಗ್ಲಿಷಿನದು. ಕನ್ನಡದಲ್ಲಿ ಒಂದು ಸಾಲು ಸೂಚನೆ, ಗುಂಟೆಗೆ ಒಂದು ಕಾಲಂ, ಇಷ್ಟಿದ್ದರೆ ಮೇಷ್ಟ್ರೇ ಕೂತು ತುಂಬುತ್ತಿದ್ದರು, ನನ್ನ ಜಗಲಿ ಹತ್ತೋ ಅಗತ್ಯವೇ ಇರಲಿಲ್ಲ. ಪ್ರತಿ ವರ್ಷ ಫಾರಮ್ಮಿಗೆ ಹೊಸ ಕಾಲಂ ಸೇರುತ್ತದೆ, ಎಲ್ಲ ಅವರಿಗೆ ಬೇಕಾದ್ದು.

2026ರ ಏಪ್ರಿಲ್ 1ರಿಂದ 1961ರ ಕಾಯ್ದೆ ಹೋಗಿ 2025ರ ಹೊಸ ಕಾಯ್ದೆ ಬಂತು. 819 ಸೆಕ್ಷನ್ ಇದ್ದಿದ್ದು 536ಕ್ಕೆ ಇಳಿದಿದೆ, ‘ಅಸೆಸ್‌ಮೆಂಟ್ ಇಯರ್’ ಹೋಗಿ ‘ಟ್ಯಾಕ್ಸ್ ಇಯರ್’ ಆಗಿದೆ. ನಾನು ಬಾಯಿಪಾಠ ಮಾಡಿದ್ದ ನಂಬರುಗಳೆಲ್ಲ ನೀರುಪಾಲು :) ಹೊಸ ಕಾಯ್ದೆಯ ಮೊದಲ ವರ್ಷದ ರಿಟರ್ನ್ ತುಂಬುವುದು 2027ರಲ್ಲಿ. ಆ ಫಾರಮ್ಮಿನ ಕರಡು 2026ರ ಒಳಗೇ ಹೊರಗೆ ಬರಲಿ, 2027ರ ಏಪ್ರಿಲ್ 1ಕ್ಕೆ ಎಲ್ಲ ಎಕ್ಸೆಲ್ಲುಗಳೂ ಒಟ್ಟಿಗೆ ಸೈಟಿನಲ್ಲಿರಲಿ, ಗಡುವಿನ ತನಕ ಒಳಗಿನ ಲೆಕ್ಕಕ್ಕೆ ಯಾರೂ ಕೈ ಹಾಕದಿರಲಿ. ನಿಮ್ಮಲ್ಲಿ ಸಿಎಗಳಿದ್ದರೆ, ಇಲಾಖೆಯಲ್ಲಿ ಗೊತ್ತಿರುವವರಿದ್ದರೆ, ದಯವಿಟ್ಟು ಈ ಮಾತು ಮುಟ್ಟಿಸಿ.

ಮೊನ್ನೆ ಚಿಕ್ಕಪ್ಪ ಫೋನ್ ಮಾಡಿದ್ದರು. ಎಲ್ಲರ ಹಾಗೆ ಫಾರಂ ಬಂತಾ ಅಂತ ಕೇಳಲಿಲ್ಲ. “ಗುಂಟೆ ಕಾಲಂ ಬಂತೇನ್ಲಾ?” ಅಂದರು.