ಅಸೆಂಬ್ಲಿ ಚೇಂಜ್ ಮಾಡ್ಬೇಕು ಸಾರ್!

ಕಾರಿಗೆ ಹೀಟರ್ ಯಾಕಪ್ಪ, ನಾವೇನು ಹಿಮಾಲಯದಲ್ಲಿದ್ದೀವಾ ಅಂತ ನಾನೂ ನಗಾಡ್ತಿದ್ದೆ. ಚಾರ್ಮಾಡಿ ಘಾಟಿಯಲ್ಲಿ, ಜುಲೈ ತಿಂಗಳ ಒಂದು ಸಂಜೆ, ಎದುರಿನ ಗಾಜು ಒಳಗಿನಿಂದ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗೋ ತನಕ.

ಹೊರಗೆ ಮಂಜು, ಮಳೆ. ಒಳಗೆ ನಾಲ್ಕು ಜನರ ಉಸಿರು, ಒದ್ದೆ ಛತ್ರಿ ಎರಡು. ಫ್ಯಾನಿನ ನಾಬ್ ಒಂದಕ್ಕೆ ತಿರುಗಿಸಿದೆ, ನಾಲ್ಕಕ್ಕೆ ತಿರುಗಿಸಿದೆ, ಗಾಳಿಯ ಸುದ್ದಿಯೇ ಇಲ್ಲ. ಪಕ್ಕದಲ್ಲಿದ್ದ ಅಮ್ಮ ಸೆರಗಿನಿಂದ ಗಾಜು ಒರೆಸ್ತಾ ಇದ್ರು, ಒರೆಸಿದ್ದು ಹತ್ತು ಸೆಕೆಂಡಲ್ಲಿ ಮತ್ತೆ ಮಸುಕು. ಒಂದು ತಿರುವಿನಲ್ಲಿ ಎದುರಿಗೆ ಬಂದ ಬಸ್ಸು ನನಗೆ ಬಸ್ಸಾಗಿ ಕಾಣಲೇ ಇಲ್ಲ, ಎರಡು ಹಳದಿ ಮಚ್ಚೆ ಅಷ್ಟೆ. ಕಾರನ್ನು ಬದಿಗೆ ಹಾಕಿ ಕಿಟಕಿ ಇಳಿಸಿ ಕೂತೆ. ಕೈ ನಡುಗ್ತಿತ್ತು. ಅಮ್ಮ ಅಂದದ್ದು ಒಂದೇ ಮಾತು, "ಎಂಥ ಮಾರಾಯ ಇದು, ಇಂಜಿನಿಯರ್ ಅಂತೆ, ಒಂದು ಫ್ಯಾನ್ ಸರಿ ಮಾಡ್ಲಿಕ್ಕೆ ಆಗುದಿಲ್ವಾ ನಿಂಗೆ?"

ಈ ಬರಹ ಆ ಪ್ರಶ್ನೆಗೆ ಉತ್ತರ ಅಂತಲೇ ಇಟ್ಕೊಳ್ಳಿ. ಸ್ವಲ್ಪ ಸಿಟ್ಟಲ್ಲಿದ್ದೀನಿ, ಮೊದಲೇ ಹೇಳಿಬಿಡ್ತೀನಿ.

ಆ ಫ್ಯಾನ್ ಏಕಾಏಕಿ ಸತ್ತಿರಲಿಲ್ಲ. ಎರಡು ತಿಂಗಳ ಮೊದಲೇ ನೋಟೀಸ್ ಕೊಟ್ಟಿತ್ತು. ಒಂದು, ಎರಡು, ಮೂರರಲ್ಲಿ ಗಾಳಿ ಇಲ್ಲ, ನಾಲ್ಕರಲ್ಲಿ ಮಾತ್ರ ಬಿರುಗಾಳಿ. ಬೆಂಗಳೂರಲ್ಲಿ ಒಂದು ಸರ್ವೀಸ್ ಸೆಂಟರ್‌ಗೆ ತಗೊಂಡು ಹೋದೆ (ಹೆಸರು ಬೇಡ, ಹೆಸರು ಬದಲಾದ್ರೂ ಕತೆ ಬದಲಾಗಲ್ಲ). ಟೈ ಕಟ್ಟಿದ ಹುಡುಗ ಸ್ಕ್ಯಾನರ್ ಚುಚ್ಚಿದ. "ಎರರ್ ಕೋಡ್ ಏನೂ ಇಲ್ಲ ಸಾರ್" ಅಂದ. ಆಮೇಲೆ "ಬ್ಲೋವರ್ ಅಸೆಂಬ್ಲಿ ಚೇಂಜ್ ಮಾಡ್ಬೇಕು ಸಾರ್, ಹನ್ನೊಂದು ಸಾವಿರದ ಎಂಟುನೂರು ಆಗತ್ತೆ" ಅಂದ. ಸ್ಕ್ಯಾನ್ ಮಾಡಿದ್ದಕ್ಕೆ ಬೇರೆ ಬಿಲ್ಲು!

ದುಡ್ಡು ಜಾಸ್ತಿ ಕೇಳಿದ ಅನ್ನೋದು ನನ್ನ ತಕರಾರಲ್ಲ. ಎಸಿ ರೂಮು, ಕಾಫಿ ಮೆಷಿನ್ನು ಎಲ್ಲ ಇಟ್ಟಿದ್ದಾರೆ, ತಗೊಳ್ಲಿ. ಏನು ಕೆಟ್ಟಿದೆ ಅಂತ ನೋಡದೆಯೇ ಏನು ಬದಲಾಯಿಸ್ಬೇಕು ಅಂತ ಹೇಳಿದ್ನಲ್ಲ, ಅದು ನನ್ನ ತಕರಾರು. ನನ್ನದು ನಾಬ್ ತಿರುಗಿಸೋ ಹಳೇ ಕಾರು. ಫ್ಯೂಸು, ಸ್ವಿಚ್ಚು, ರೆಸಿಸ್ಟರು, ಮೋಟಾರು, ಇಷ್ಟೇ ಅದರ ಸಂಸಾರ. ಈ ಸಂಸಾರದ ವಿಷಯ ಕಾರಿನ ಕಂಪ್ಯೂಟರಿಗೆ ಗೊತ್ತೇ ಇಲ್ಲ. ಪಕ್ಕದ ಮನೆಯವರನ್ನ ಕೇಳಿ ನಮ್ಮನೆ ಕುಕ್ಕರ್ ರಿಪೇರಿ ಮಾಡಿದ ಹಾಗೆ.

ಸ್ವಲ್ಪ ಬಿಡಿಸಿ ಹೇಳ್ತೀನಿ, ಬೋರಾದ್ರೆ ಕ್ಷಮಿಸಿ. ಎಸಿಗೂ ಹೀಟರಿಗೂ ಫ್ಯಾನ್ ಒಂದೇ. ತಂಪಿನ ಕಾಯಿಲ್ ಮೇಲೂ, ಇಂಜಿನ್ನಿನ ಬಿಸಿನೀರು ಹರಿಯೋ ಕೋರ್ ಮೇಲೂ ಗಾಳಿ ತಳ್ಳೋದು ಅದೇ. ನಾಲ್ಕನೇ ಸ್ಪೀಡಲ್ಲಿ ಮೋಟಾರಿಗೆ ಬ್ಯಾಟರಿಯ ಪೂರ್ತಿ 12 ವೋಲ್ಟ್ ನೇರವಾಗಿ ಸಿಗತ್ತೆ. ಒಂದು, ಎರಡು, ಮೂರಕ್ಕೆ ದಾರಿಯಲ್ಲಿ ರೆಸಿಸ್ಟರ್ ಸುರುಳಿಗಳು ಅಡ್ಡ ಬರತ್ವೆ. ಆ ಸುರುಳಿಗಳು ಕೆಂಡದ ಹಾಗೆ ಕಾಯ್ತವೆ, ಅದಕ್ಕೇ ಅವನ್ನ ಫ್ಯಾನಿನ ಗಾಳಿ ಹೋಗೋ ದಾರಿಯಲ್ಲೇ ಕೂರಿಸಿರ್ತಾರೆ. ಜೊತೆಗೊಂದು ಥರ್ಮಲ್ ಫ್ಯೂಸ್. ಬಿಸಿ ಮಿತಿ ಮೀರಿದ್ರೆ ಅದು ಕಡಿದುಕೊಳ್ಳತ್ತೆ.

ಹಾಗಾದ್ರೆ ನಾಲ್ಕರಲ್ಲಿ ಮಾತ್ರ ಗಾಳಿ ಬರ್ತಿದೆ ಅಂದ್ರೆ ಏನರ್ಥ? ಮೋಟಾರ್ ಬದುಕಿದೆ, ಮೇನ್ ಫ್ಯೂಸ್ ಬದುಕಿದೆ, ಅನುಮಾನ ಮೊದಲು ಹೋಗಬೇಕಾದ್ದು ರೆಸಿಸ್ಟರ್ ಕಡೆಗೆ. ಸ್ಕ್ಯಾನರ್ ಬೇಡ, ನಾಬ್ ತಿರುಗಿಸಿದ್ರೆ ಸಾಕು. ಪಿಯುಸಿಯ ಓಮ್ಸ್ ಲಾ. ಟೈ ಕಟ್ಟಿದ ಹುಡುಗನಿಗೆ ಇದು ಹೊಳೀಲಿಲ್ಲ.

ನನಗೆ ಹೊಳೀತಾ? ಇಲ್ಲ ಸ್ವಾಮಿ! ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದೋನು, "ನಾಲ್ಕರಲ್ಲಿ ಬರತ್ತಲ್ಲ, ಸಾಕು ಬಿಡಿ" ಅಂತ ವಾಪಸ್ ಬಂದು ಎರಡು ತಿಂಗಳು ನಾಲ್ಕರಲ್ಲೇ ಓಡಿಸಿದೆ. ಗೊತ್ತಿಲ್ಲದೆ ಉರಿಯೋ ಒಲೆಗೆ ಕಟ್ಟಿಗೆ ಹಾಕ್ತಾ ಇದ್ದೆ.

ಮಾರನೇ ದಿನ ಬೆಳ್ತಂಗಡಿ ಪೇಟೆಯಲ್ಲಿ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ರ ಹೋದೆ. ತಗಡಿನ ಶೆಡ್ಡು, ಬ್ಯಾಟರಿ ಆಸಿಡ್ಡಿನ ವಾಸನೆ, ಮೂಲೆಯಲ್ಲಿ ಯಕ್ಷಗಾನದ ಕ್ಯಾಲೆಂಡರು. ಅವರ ಹತ್ರ ಇದ್ದದ್ದು ಒಂದು ಟೆಸ್ಟ್ ಲ್ಯಾಂಪ್, ಅಂದ್ರೆ ಎರಡು ವೈರಿಗೆ ಕಟ್ಟಿದ ಇಂಡಿಕೇಟರ್ ಬಲ್ಬು. ನನ್ನ ಹತ್ರ ಡಿಜಿಟಲ್ ಮಲ್ಟಿಮೀಟರ್! ಡ್ಯಾಶ್‌ಬೋರ್ಡಿನ ಕೆಳಗೆ ತೂರಿ ಮೋಟಾರಿನ ಒಂದು ವೈರನ್ನೂ ಬಾಡಿಯನ್ನೂ ಅಳೆದು, "ಹನ್ನೆರಡು ವೋಲ್ಟ್ ಬರ್ತಾ ಇದೆ, ಹಾಗಾದ್ರೆ ಮೋಟಾರೇ ಹೋಗಿದೆ" ಅಂತ ತೀರ್ಪು ಕೊಟ್ಟೆ. ಅವರು ನಕ್ಕು, "ಅದು ಯಾವಾಗ್ಲೂ ಬರ್ತದೆ ಮಾರಾಯ್ರೆ, ಇದ್ರಲ್ಲಿ ಸ್ವಿಚ್ಚು ಅರ್ತಿನ ಬದಿಗೆ ಉಂಟು" ಅಂದ್ರು.

ಸರಿಯಾಗಿಯೇ ಇತ್ತು. ನನ್ನ ಕಾರಲ್ಲಿ ರೆಸಿಸ್ಟರು, ಸ್ವಿಚ್ಚು ಎರಡೂ ಇರೋದು ಮೋಟಾರ್ ಆದ ಮೇಲೆ, ಅರ್ತ್ ಕಡೆ. ಅಳೆಯಬೇಕಾದ್ದು ಮೋಟಾರಿನ ಎರಡು ತುದಿಗಳ ನಡುವೆ, ಒಂದು ತುದಿಯಿಂದ ಬಾಡಿಗೆ ಅಲ್ಲ. ಇನ್ನೊಂದು ಪಾಠ, ಮಲ್ಟಿಮೀಟರ್ ಕರೆಂಟನ್ನೇ ಎಳೆಯಲ್ಲ, ಹಾಗಾಗಿ ಸುಟ್ಟು ಕರಕಲಾದ ಜಾಯಿಂಟ್ ಆಚೆಗೂ ಅದಕ್ಕೆ ಹನ್ನೆರಡು ವೋಲ್ಟ್ ಕಾಣಬಹುದು. ಬಲ್ಬು ಸುಳ್ಳು ಹೇಳಲ್ಲ, ಮಂಕಾಗತ್ತೆ.

ಬಲ್ಬು ಮಂಕಾದದ್ದು ರೆಸಿಸ್ಟರಿನ ಕನೆಕ್ಟರ್ ಹತ್ರ. ಎಳೆದು ತೆಗೆದ್ರೆ ಬಿಳಿ ಪ್ಲಾಸ್ಟಿಕ್ಕು ಕಂದಾಗಿ ಕರಗಿ ಒಂದು ಪಿನ್ನಿಗೆ ಅಂಟ್ಕೊಂಡಿತ್ತು. ನಾಲ್ಕನೇ ಸ್ಪೀಡಿನ ಕರೆಂಟೂ ಅದೇ ಪಿನ್ ಮೂಲಕ ಹೋಗತ್ತೆ. ಎರಡು ತಿಂಗಳು ನಾಲ್ಕರಲ್ಲೇ ಓಡಿಸಿ ನಾನೇ ಬೇಯಿಸಿದ್ದು.

ಅಲ್ಲಿಗೇ ಅವರು ನಿಲ್ಲಿಸಲಿಲ್ಲ. ಈ ಭಾಗಕ್ಕಾಗಿಯೇ ಇಷ್ಟೆಲ್ಲ ಬರೀತಿರೋದು. "ಇದು ಯಾಕೆ ಸುಟ್ಟಿತು ಹೇಳಿ?" ಅಂತ ಕೇಳಿ, ಮೋಟಾರ್ ಬಿಚ್ಚಿ ಚಕ್ರವನ್ನ ಕೈಯಲ್ಲಿ ತಿರುಗಿಸಿದ್ರು. ಎರಡು ಸುತ್ತು ಹೋಗದೆ ನಿಂತಿತು. ಬುಷ್ ಒಣಗಿದೆ, ಚಕ್ರದೊಳಗೆ ಒಂದು ಮುಷ್ಟಿ ಗುಲ್‌ಮೊಹರ್ ಎಲೆ. ಬೆಂಗಳೂರಲ್ಲಿ ಮರದ ಕೆಳಗೆ ನೆರಳಿಗೆ ನಿಲ್ಲಿಸಿದ ಪುಣ್ಯ. ಮೋಟಾರ್ ಬಿಗಿಯಾದ್ರೆ ಕರೆಂಟ್ ಹೆಚ್ಚು ಎಳೆಯತ್ತೆ. ಕರೆಂಟ್ ಒಂದೂವರೆ ಪಟ್ಟಾದ್ರೆ ರೆಸಿಸ್ಟರಿನ ಬಿಸಿ ಒಂದೂವರೆ ಅಲ್ಲ, ಎರಡೂಕಾಲು ಪಟ್ಟು. ಜೊತೆಗೆ ಗಾಳಿ ಕಡಿಮೆ, ಆರಿಸೋರು ಯಾರೂ ಇಲ್ಲ. ಥರ್ಮಲ್ ಫ್ಯೂಸ್ ಸತ್ತದ್ದು ಹಾಗೆ.

(ಫಿಲ್ಟರ್ ಕಟ್ಟಿಕೊಂಡ್ರೆ ಮೋಟಾರಿಗೆ ಲೋಡ್ ಜಾಸ್ತಿ ಆಗತ್ತೆ ಅಂತ ಎಲ್ರೂ ಹೇಳ್ತಾರೆ. ಈ ಥರದ ಫ್ಯಾನಲ್ಲಿ ಉಲ್ಟಾ. ವ್ಯಾಕ್ಯೂಮ್ ಕ್ಲೀನರ್ ಬಾಯಿಗೆ ಅಂಗೈ ಅಡ್ಡ ಇಟ್ಟು ನೋಡಿ, ಮೋಟಾರ್ ಇನ್ನೂ ಜೋರಾಗಿ ಕಿರುಚತ್ತೆ, ತಳ್ಳೋಕೆ ಗಾಳಿ ಇಲ್ಲದೆ ಹಗುರಾಗಿರತ್ತೆ. ಆದ್ರೂ ಫಿಲ್ಟರ್ ಬದಲಾಯಿಸಿ, ರೆಸಿಸ್ಟರಿಗೆ ಗಾಳಿ ಬೇಕು.)

ಹೊಸ ರೆಸಿಸ್ಟರು 550, ಕನೆಕ್ಟರು 180, ಬುಷ್‌ಗೆ ಎಣ್ಣೆ, ಎಲೆ ತೆಗೆದ ಕೂಲಿ ಸೇರಿ 400. ಒಟ್ಟು 1,130 ರೂಪಾಯಿ. "ಎಣ್ಣೆ ಒಂದು ವರ್ಷ ಬಂದೀತು, ಮತ್ತೆ ಮೋಟಾರ್ ಹಾಕ್ಲೇಬೇಕು" ಅಂತ ಅವರೇ ಹೇಳಿದ್ರು.

ಈಗ ನೀವು ಕೇಳಬಹುದು, ಹಾಗಾದ್ರೆ ಸರ್ವೀಸ್ ಸೆಂಟರಿನವನು ಮೋಟಾರ್ ಬದಲಾಯಿಸಿ ಅಂದದ್ದು ಸರಿಯೇ ಆಯ್ತಲ್ವಾ ಅಂತ. ಅರ್ಧ ಸರಿ. ಆದ್ರೆ ಕಾರಣ ಹುಡುಕದೆ ಹೊಸ ಅಸೆಂಬ್ಲಿ ಹಾಕೋನು ಕನೆಕ್ಟರ್ ಬಿಚ್ಚಿ ಮೂಸಿ ನೋಡ್ತಿದ್ನಾ? ಸಡಿಲ ಪಿನ್ನಿಗೆ ಹೊಸ ಮೋಟಾರ್ ಚುಚ್ಚಿ ಕಳಿಸ್ತಿದ್ದ, ಆರು ತಿಂಗಳಿಗೆ ಅದೂ ಕರಗ್ತಿತ್ತು. ರೆಸಿಸ್ಟರ್ ಮಾತ್ರ ಬದಲಾಯಿಸಿ ಕೈ ತೊಳ್ಕೊಳ್ಳೋ ಮೆಕ್ಯಾನಿಕ್ಕುಗಳ ಮೇಲೂ ನನಗೆ ಅಷ್ಟೇ ಸಿಟ್ಟು. ಥರ್ಮಲ್ ಫ್ಯೂಸ್ ಜಾಗಕ್ಕೆ ತಂತಿ ಸುತ್ತಿ "ಓಡತ್ತೆ ಬಿಡಿ" ಅನ್ನೋರ ಮೇಲೆ ಇನ್ನೂ ಜಾಸ್ತಿ, ಅದು ಡ್ಯಾಶ್‌ಬೋರ್ಡಿನೊಳಗೆ ಬೆಂಕಿಗೆ ಆಮಂತ್ರಣ.

ಗೆಳೆಯನೊಬ್ಬ ಹೇಳಿದ, "ನಿನ್ನ ಒಂದು ಗಂಟೆಯ ಸಂಬಳ ಲೆಕ್ಕ ಹಾಕು, ಹನ್ನೊಂದು ಸಾವಿರ ಕೊಟ್ಟು ಬಿಸಾಕೋದೇ ಲಾಭ" ಅಂತ. ಭಾನುವಾರ ಮಧ್ಯಾಹ್ನ ನನಗೆ ಗಂಟೆಗೆ ಯಾರೂ ಸಂಬಳ ಕೊಡಲ್ಲ, ಅದು ಬೇರೆ ಮಾತು. ಆದ್ರೆ ನಾವು ಸಾಫ್ಟ್‌ವೇರಿನವರು ಈ ವಾದ ಮಾಡೋದಕ್ಕೆ ನಾಚಿಕೆ ಆಗಬೇಕು. ಪ್ರೊಡಕ್ಷನ್‌ನಲ್ಲಿ ಬಗ್ ಬಂದ್ರೆ ಲಾಗ್ ನೋಡದೆ "ಸರ್ವರ್ ಹೊಸದು ಹಾಕೋಣ" ಅಂದೋನನ್ನ ಟೀಮಲ್ಲಿ ಎಷ್ಟು ದಿನ ಇಟ್ಕೊಳ್ತೀವಿ?

ಇದು ನನ್ನೊಬ್ಬನ ಗೋಳೂ ಅಲ್ಲ. 2014ರ ಆಗಸ್ಟಿನಲ್ಲಿ ಭಾರತದ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಬಿಡಿ ಭಾಗ, ಡಯಾಗ್ನೋಸ್ಟಿಕ್ ಉಪಕರಣ, ಮಾಹಿತಿ ಇವು ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದಾರೆ ಅಂತ. ಕೇಸು ಅಪೀಲಿಗೆ ಹೋಯ್ತು. 2022ರ ಡಿಸೆಂಬರಿನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿಗೆ ಅಂತಲೇ ಒಂದು ಪೋರ್ಟಲ್ ಕೂಡ ತೆರೆಯಿತು. ಒಳ್ಳೇದೇ. ಆದ್ರೆ ತಗಡಿನ ಶೆಡ್ಡಿನ ಆ ಮನುಷ್ಯನ ಕೈಗೆ ವೈರಿಂಗ್ ಡಯಾಗ್ರಾಮ್ ಕೊಡದೆ, ಟೈ ಹುಡುಗನ ಕೈಗೆ ಸ್ಕ್ಯಾನರ್ ಮಾತ್ರ ಕೊಟ್ರೆ ಹಕ್ಕಿನಿಂದ ಗಾಜಿನ ಮಂಜು ಹೋಗಲ್ಲ. ಆ ಹುಡುಗನನ್ನೂ ಪೂರ್ತಿ ಬೈಯಲಾರೆ, ದಿನಕ್ಕೆ ಇಷ್ಟು ಕಾರು ಮುಗಿಸು ಅಂತ ಅವನಿಗೂ ಮೇಲಿನಿಂದ ಟಾರ್ಗೆಟ್ ಇರತ್ತೆ. ನಮಗಿಲ್ವಾ?

ವಾಪಸ್ ಬರುವಾಗ ಘಾಟಿಯಲ್ಲಿ ಅದೇ ಮಳೆ. ಎಸಿ ಆನ್, ನಾಬ್ ಕೆಂಪಿನ ಕಡೆ, ಹೊರಗಿನ ಗಾಳಿ ಒಳಗೆ ಬರೋ ಹಾಗೆ ಇಟ್ಟು ಫ್ಯಾನ್ ಎರಡಕ್ಕೆ ಹಾಕಿದೆ. ಎಸಿ ಗಾಳಿಯ ತೇವ ಹಿಂಡಿತು, ಹೀಟರ್ ಅದನ್ನ ಬೆಚ್ಚಗೆ ಮಾಡ್ತು, ಗಾಜು ಒಂದೇ ನಿಮಿಷದಲ್ಲಿ ತಿಳಿಯಾಯ್ತು. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ನೀರುದೋಸೆ ತಿಂದು, ಗಾಜು ಫಳಫಳ ಅಂತಿದೆ ಅಂತ ಅಮ್ಮನಿಗೆ ಫೋನ್ ಮಾಡಿದೆ. "ಅದು ಆ ಎಲೆಕ್ಟ್ರಿಷಿಯನ್ ಮಾಡಿದ್ದಲ್ವಾ?" ಅಂದ್ರು.

ಎಡಗಡೆ ಪವರ್ ವಿಂಡೋ ಈಗೀಗ ಏಳೋಕೆ ತಿಣುಕ್ತಾ ಇದೆ. ಈ ಭಾನುವಾರ ಡೋರ್ ಪ್ಯಾನಲ್ ನಾನೇ ಬಿಚ್ತೀನಿ. ಟೆಸ್ಟ್ ಲ್ಯಾಂಪ್ ಮಾಡಿಟ್ಕೊಂಡಿದ್ದೀನಿ. ಅಮ್ಮನಿಗೆ ಹೇಳಿಲ್ಲ.