ಬಂಬ್ ಗಾಡಿ ಮ್ಯಾಲ ಕನ್ನಡ ಬರೆದ್ರ ಸಾಲದು, ಫೋನ್ ಎತ್ತಾವರಿಗೆ ಕನ್ನಡ ಬರಬೇಕು

ಜತ್ತ ತಾಲೂಕಿನ ಪೂರ್ವ ಭಾಗಕ್ಕೆ, ಉಮದಿ-ಸಂಖ ಕಡೆಗೆ, ಒಂದು ಅಗ್ನಿಶಾಮಕ ಠಾಣೆ ಬೇಕು. ಅದರ ನಕ್ಷೆ ಬರೆಯುವ ದಿನವೇ ಅದರಲ್ಲಿ ಕನ್ನಡಕ್ಕೂ ಜಾಗ ಇರಬೇಕು. ಇಷ್ಟು ಹೇಳಿದರೆ ಸಾಕು, ನಮಗೆ ಎರಡೂ ಕಡೆಯಿಂದ ಬೈಗುಳ. ಕಚೇರಿಯವರು "ಬೆಂಕಿ ಆರಿಸೋದ್ರಾಗೂ ಭಾಷಾ ತರ್ತೀರೇನ್ರಪಾ" ಅಂತಾರೆ. ನಮ್ಮವರೇ ಆದ ಕೆಲವು ಹಿರಿಯರು "ಸೇರ್ಪಡೆ ಹೋರಾಟ ಬಿಟ್ಟು ಬಂಬ್ ಕೇಳ್ಕೋತ ಕುಂತ್ರ ಮಹಾರಾಷ್ಟ್ರಾನ ಒಪ್ಪಿಕೊಂಡಂಗ ಆತು" ಅಂತಾರೆ.

ಮೊದಲು ನಮ್ಮವರಿಗೇ ಉತ್ತರ ಕೊಡೋಣ. ಮಹಾಜನ ವರದಿ ಬಂದದ್ದು 1967ರಲ್ಲಿ. ಅವತ್ತಿನಿಂದ ಇವತ್ತಿನವರೆಗೆ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಎಷ್ಟು ಬಣವಿಗಳು ಸುಟ್ಟು ಬೂದಿಯಾಗಿವೆಯೋ ಲೆಕ್ಕ ಇಟ್ಟವರಿಲ್ಲ. 2022ರ ನವೆಂಬರಿನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ಜತ್ತದ 40 ಊರುಗಳ ಮಾತೆತ್ತಿದಾಗ ಟಿವಿಯವರೆಲ್ಲ ಓಡಿ ಬಂದರು. ಆ ಊರುಗಳು ಸಿಟ್ಟಿಗೆದ್ದದ್ದು ನೀರಿಗಾಗಿ. ಗದ್ದಲ ಆದ ಮೇಲೆಯೇ ಮ್ಹೈಸಾಳ ವಿಸ್ತರಣೆಗೆ ಅವಸರ ಹುಟ್ಟಿತು. ಅಂದರೆ ಕೇಳಿದ್ದರಿಂದ ಕೆಲಸ ಆಯಿತು. ಸುಡುತ್ತಿರುವ ಬಣವಿ ಮುಂದೆ ನಿಂತು ಮಹಾಜನ ವರದಿ ಓದಿದರೆ ಅದು ಆರುತ್ತಾ? ಯಾವ ರಾಜ್ಯದಲ್ಲಿರಬೇಕು ಅನ್ನೋದು ಸುಪ್ರೀಂ ಕೋರ್ಟಿನವರೆಗೆ ಹೋಗಿರುವ ವಾದ. ನಾಳೆ ಮಧ್ಯಾಹ್ನ ಕೊಟಗಿಗೆ ಬೆಂಕಿ ಬಿದ್ದರೆ ಎಷ್ಟು ನಿಮಿಷಕ್ಕೆ ಗಾಡಿ ಬರುತ್ತೆ ಅನ್ನೋದು ಬೇರೆ ಪ್ರಶ್ನೆ. ಎರಡನ್ನೂ ಒಟ್ಟಿಗೆ ಕೇಳೋಕೆ ಬಾಯಿಗೇನು ತೊಂದರೆ?

ಈಗ ನಿಮಿಷದ ಲೆಕ್ಕ. ಸ್ಥಾಯಿ ಅಗ್ನಿಶಾಮಕ ಸಲಹಾ ಮಂಡಳಿ ಅಂತ ಕೇಂದ್ರ ಗೃಹ ಇಲಾಖೆಯ ಕೆಳಗೆ ಒಂದಿದೆ. ಅದರ ಮಾನದಂಡದ ಪ್ರಕಾರ ಹಳ್ಳಿ ಭಾಗದಲ್ಲಿ ಕರೆ ಬಂದ 20 ನಿಮಿಷದೊಳಗೆ ಗಾಡಿ ಮುಟ್ಟಬೇಕು, 50 ಚದರ ಕಿಲೋಮೀಟರಿಗೆ ಒಂದು ಠಾಣೆ ಇರಬೇಕು. ಜತ್ತ ತಾಲೂಕು ಎರಡು ಸಾವಿರ ಚದರ ಕಿಲೋಮೀಟರಿಗೂ ದೊಡ್ಡದು. ಮಾನದಂಡ ಹಿಡಿದು ಭಾಗಿಸಿದರೆ 40 ಠಾಣೆ! ನಮಗೆ 40 ಬೇಡ, ಅಷ್ಟು ಹುಚ್ಚು ನಮಗಿಲ್ಲ. ಆದರೆ ತುಂಬಿದ ಗಾಡಿಯನ್ನ ನಮ್ಮ ರಸ್ತೆಯಲ್ಲಿ ಗಂಟೆಗೆ 45 ಕಿಲೋಮೀಟರ್ ಓಡಿಸಿದರೂ 20 ನಿಮಿಷಕ್ಕೆ ಆಗೋದು 15 ಕಿಲೋಮೀಟರ್. ಜತ್ತ ಪಟ್ಟಣದಿಂದ ಉಮದಿ 40 ಕಿಲೋಮೀಟರಿನ ಆಚೆ. ಒಣ ಕಣಿಕೆಯ ಬಣವಿ ಅಷ್ಟು ಹೊತ್ತು ಕಾಯಲ್ಲ.

ತಮಿಳುನಾಡು, ಕೇರಳ, ಆಂಧ್ರದಲ್ಲಿ ಅಗ್ನಿಶಾಮಕ ಅನ್ನೋದು ರಾಜ್ಯ ಸರಕಾರದ ಇಲಾಖೆ. ಮಹಾರಾಷ್ಟ್ರದಲ್ಲಿ ಅದು ಮುಖ್ಯವಾಗಿ ನಗರಪಾಲಿಕೆ, ನಗರ ಪರಿಷತ್ತುಗಳ ಕೆಲಸ. ಸಂವಿಧಾನದ 12ನೇ ಅನುಸೂಚಿಯಲ್ಲೂ ಅಗ್ನಿಶಾಮಕ ಸೇವೆ ನಗರಾಡಳಿತದ ಪಟ್ಟಿಯಲ್ಲೇ ಇದೆ. ಹಂಗಾಗಿ ಹಳ್ಳಿ ಯಾರ ಕೂಸೂ ಅಲ್ಲ. ಪಟ್ಟಣದ ಗಾಡಿ ಹಳ್ಳಿಗೆ ಬಂದರೆ ಅದು ಉಪಕಾರ. 2025ರ ಮೇ ತಿಂಗಳಲ್ಲಿ ಸೊಲ್ಲಾಪುರದ ಅಕ್ಕಲಕೋಟ ರಸ್ತೆ ಎಂಐಡಿಸಿಯ ಟವೆಲ್ ಕಾರ್ಖಾನೆಗೆ ಬೆಂಕಿ ಬಿದ್ದು 8 ಜನ ಸತ್ತರು. ಅದು ಮಹಾನಗರಪಾಲಿಕೆಯ ಅಗ್ನಿಶಾಮಕ ದಳ ಇರುವ ಊರು. ಏನೂ ಇಲ್ಲದ ಊರಿನ ಗತಿ ನೀವೇ ಊಹಿಸಿ. ದುಡ್ಡಿಲ್ಲ ಅಂತ ಹೇಳಿದರೆ ನಂಬಬೇಡಿ. ರಾಜ್ಯಗಳ ಅಗ್ನಿಶಾಮಕ ಸೇವೆ ಬೆಳೆಸೋಕೆ ಅಂತಲೇ ಕೇಂದ್ರ 2023ರಲ್ಲಿ 5,000 ಕೋಟಿ ರೂಪಾಯಿಯ ಯೋಜನೆ ತಂದಿತು. ಅದರಲ್ಲಿ ಗಡಿ ತಾಲೂಕಿಗೆ ಎಷ್ಟು ಬಂತು ಅಂತ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕೇಳಬಹುದು.

ಇನ್ನು ಭಾಷೆಗೆ ಬರೋಣ. "ಗಡಿ ಮಂದಿಗೆ ಎಲ್ಲಾರಿಗೂ ಮರಾಠಿ ಬರತೈತಿ" ಅನ್ನೋದು ಕಚೇರಿಯವರ ಹಳೇ ಪಲ್ಲವಿ. ಬರುತ್ತೆ, ಯಾರಿಗೆ? ಸಂತೆಗೆ ಹೋಗುವ, ತಹಸೀಲಿಗೆ ಅಲೆಯುವ ಗಂಡಸರಿಗೆ. ಬಣವಿಗೆ ಬೆಂಕಿ ಬೀಳೋದು ಮಾರ್ಚ್-ಏಪ್ರಿಲ್ ತಿಂಗಳ ಉರಿಬಿಸಿಲಿನ ಮಧ್ಯಾಹ್ನ. ಆ ಹೊತ್ತಿಗೆ ಹೊಲದ ವಸ್ತಿಯಲ್ಲಿ ಇರುವವರು ಯಾರು? ಒಬ್ಬ ಅಜ್ಜಿ, ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯ ನಾಲ್ಕನೇ ತರಗತಿಯ ಒಂದು ಹುಡುಗಿ, ಕೈಯಲ್ಲಿ ಒಂದು ಮೊಬೈಲು. ಆ ಹುಡುಗಿ ಫೋನ್ ಹಚ್ಚಿ "ಬಣವಿ ಹತ್ತೈತ್ರಿ, ಕೊಟಗ್ಯಾಗ ಎಮ್ಮಿ ಕಟ್ಟ್ಯಾವ್ರಿ" ಅಂತ ಕಿರುಚುತ್ತಾಳೆ. ಆ ಕಡೆ ಇರುವವರಿಗೆ ಬಣವಿ ಅಂದರೇನು, ಕೊಟಗಿ ಅಂದರೇನು ಗೊತ್ತಿರಬೇಕಲ್ಲ? ಮರಾಠಿಯಲ್ಲಿ ಬಣವಿಗೆ ಗಂಜಿ ಅಂತಾರೆ. ನಮ್ಮಲ್ಲಿ ಗಂಜಿ ಅಂದ್ರೆ ಜ್ವರ ಬಂದಾಗ ಕುಡಿಯೋದು. ನಗಬೇಡಿ. ಹೊತ್ತಿರೋದು ಏನು, ಒಳಗೆ ಯಾರಿದ್ದಾರೆ, ಕರೆಂಟಿನ ತಂತಿ ಹರಿದಿದೆಯಾ, ಸಿಲಿಂಡರ್ ಇದೆಯಾ, ಈ ನಾಲ್ಕು ಮಾತು ತಿಳಿದ ಮೇಲೇ ಯಾವ ಗಾಡಿ, ಎಷ್ಟು ಜನ, ಏನು ಸಾಮಾನು ಅಂತ ತೀರ್ಮಾನ ಆಗೋದು. ಭಯದಲ್ಲಿ ಮನುಷ್ಯನ ಬಾಯಿಗೆ ಬರೋದು ತಾಯಿ ಕಲಿಸಿದ ಮಾತು. ಪರೀಕ್ಷೆಗೆ ಕಲಿತ ಭಾಷೆ ಅಲ್ಲಿ ಕೈಕೊಡುತ್ತೆ.

ಆ ಫೋನು ಎಲ್ಲಿಗೆ ಹೋಗುತ್ತೆ ಅನ್ನೋದು ಇನ್ನೊಂದು ಕತೆ. 112 ಒತ್ತಿದರೆ ಕರೆ ಹೋಗೋದು ರಾಜ್ಯಮಟ್ಟದ ಕೇಂದ್ರಕ್ಕೆ, ಗಡಿಯಿಂದ ನೂರಾರು ಕಿಲೋಮೀಟರ್ ದೂರದ ಕುರ್ಚಿಗೆ. ಅದೂ ನಿಮ್ಮ ಮೊಬೈಲು ಯಾವ ರಾಜ್ಯದ ಟವರ್ ಹಿಡಿದಿದೆ ಅನ್ನೋದರ ಮೇಲೆ. ಎಮ್ಮೆ ಮಹಾರಾಷ್ಟ್ರದಲ್ಲಿ, ಟವರ್ ಕರ್ನಾಟಕದಲ್ಲಿ! ಹಾಗಾಗಿ ಠಾಣೆಗೆ ತನ್ನದೇ ನೇರ ನಂಬರ್ ಬೇಕು. ಆ ನಂಬರ್ ಪ್ರತಿ ವಸ್ತಿಯ ಮೀಟರ್ ಪೆಟ್ಟಿಗೆ ಮೇಲೆ ಅಂಟಿರಬೇಕು. ಅದನ್ನ ಎತ್ತುವ ಕುರ್ಚಿಯಲ್ಲಿ ಮೂರೂ ಪಾಳಿಯಲ್ಲಿ ಕನ್ನಡ ಬಲ್ಲ ಒಬ್ಬರು ಇರಲೇಬೇಕು. ಇದಕ್ಕೆ ಕೋಟಿ ಬೇಕಿಲ್ಲ.

ಊರ ಹೆಸರಿನ ಪಟ್ಟಿಯೂ ಹಂಗೇ. ಇದನ್ನ ಕಾಸರಗೋಡಿನ ಗೆಳೆಯರಿಗೆ ಬಿಡಿಸಿ ಹೇಳಬೇಕಿಲ್ಲ. 2021ರಲ್ಲಿ ಅಲ್ಲಿ ಊರ ಹೆಸರುಗಳನ್ನ ಮಲಯಾಳಕ್ಕೆ ತಿರುಗಿಸ್ತಾರೆ ಅಂತ ಎದ್ದ ಗದ್ದಲ ಎಲ್ಲರಿಗೂ ನೆನಪಿದೆ. ಬಹಳ ಮಂದಿ ಅದನ್ನ ಅಭಿಮಾನದ ಜಗಳ ಅಂದುಕೊಂಡರು. ಫೈರ್ ಫೋರ್ಸಿನವರ ಕಣ್ಣಲ್ಲಿ ನೋಡಿದರೆ ಅದು ವಿಳಾಸದ ಪ್ರಶ್ನೆ. ಜನ ಕರೆಯೋದು ಒಂದು, ದಾಖಲೆಯಲ್ಲಿರೋದು ಇನ್ನೊಂದು ಆದರೆ ಗಾಡಿ ಯಾವ ತಿರುವಿನಲ್ಲಿ ಹೊರಳಬೇಕು? ಜತ್ತದ ವಸ್ತಿಗಳಿಗಂತೂ ದಾಖಲೆಯಲ್ಲಿ ಹೆಸರೇ ಇರಲ್ಲ. ಮನೆತನದ ಅಡ್ಡಹೆಸರು, ಹಳ್ಳದ ಹೆಸರು, ದೇವರ ಗುಡಿ ಹೆಸರು, ಇವೇ ನಮ್ಮ ವಿಳಾಸ. ಠಾಣೆಯ ಗೋಡೆ ಮೇಲೆ ಇವೆಲ್ಲ ಇರುವ ದೊಡ್ಡ ನಕಾಶೆ ಬೇಕು, ಎರಡೂ ಭಾಷೆಯಲ್ಲಿ.

ನೇಮಕಾತಿ ಅಂದ ಕೂಡಲೇ "ಕಾನೂನಿನಲ್ಲಿ ಅವಕಾಶ ಇಲ್ಲ" ಅಂತ ಶುರು. ಕಾಸರಗೋಡಿನಲ್ಲಿ ಕನ್ನಡ-ಮಲಯಾಳ ಎರಡೂ ಬಲ್ಲ ಗುಮಾಸ್ತರ ಹುದ್ದೆಗಳನ್ನ ಕೇರಳ ಪಿಎಸ್‌ಸಿ ಪ್ರತ್ಯೇಕವಾಗಿ ಕರೆಯುತ್ತೆ. ಕಡತ ಹಿಡಿಯೋನಿಗೆ ಬೇಕಾದ ಕನ್ನಡ ಬೆಂಕಿಗೆ ನುಗ್ಗೋನಿಗೆ ಬೇಡವಾ? 1956ರ ಕೇಂದ್ರ ಸರಕಾರದ ಜ್ಞಾಪನಪತ್ರ ಇನ್ನೂ ಮುಂದೆ ಹೋಗುತ್ತೆ: ರಾಜ್ಯಭಾಷೆ ಬಂದರೆ ಮಾತ್ರ ನೌಕರಿ ಅನ್ನೋ ಷರತ್ತು ಮೊದಲೇ ಹಾಕಬಾರದು, ಸೇರಿದ ಮೇಲೆ ಪ್ರೊಬೇಷನ್ ಮುಗಿಯೋದರೊಳಗೆ ಕಲಿಸಿ ಪರೀಕ್ಷೆ ಮಾಡಿ ಅಂತ. ಆದರೆ ತಮಿಳುನಾಡಿನಲ್ಲಿ ಫೈರ್‌ಮನ್ ನೇಮಕಾತಿಗೆ ತಮಿಳು ಅರ್ಹತಾ ಪರೀಕ್ಷೆ ಕಡ್ಡಾಯ. ತಾಳವಾಡಿಯ ಹುಡುಗ ಓಟದಲ್ಲಿ, ಹಗ್ಗ ಹತ್ತೋದರಲ್ಲಿ ಎಲ್ಲರಿಗಿಂತ ಮುಂದಿದ್ದರೂ ಆ ಕಾಗದದ ಮುಂದೆ ನಿಲ್ಲಲೇಬೇಕು. ಆತ ತಮಿಳು ಕಲಿಯಲಿ, ಬೇಡ ಅಂದವರಾರು? ಅದೇ ಠಾಣೆಗೆ ಕೆಳಗಿನಿಂದ ವರ್ಗವಾಗಿ ಬಂದವರಿಗೆ ಕನ್ನಡದ ಪರೀಕ್ಷೆ ಯಾಕಿಲ್ಲ ಅಂತಷ್ಟೇ ನಾವು ಕೇಳೋದು.

ಕಟ್ಟಡದ ಮಾತಿಗೆ ಬಂದರೆ, ಇಲ್ಲಿ ನಮ್ಮ ಹುಡುಗರು ಮೈಮರೆಯಬಾರದು. ಭಾಷೆ ಸಿಕ್ಕಿತು ಅಂತ ಕುಣಿದು, ಠಾಣೆ ಊರಾಚೆ ಗಾಯರಾನದ ಮೂಲೆಗೆ ಬಿದ್ದರೆ ಏನು ಬಂತು? ಸರಕಾರಕ್ಕೆ ಪುಕ್ಕಟೆ ಜಾಗ ಎಲ್ಲಿದೆಯೋ ಅಲ್ಲೇ ಠಾಣೆ ಕಟ್ಟುವ ಚಟ. ಗಾಡಿ ಗೇಟು ದಾಟಿದ ಕೂಡಲೇ ಮುಖ್ಯ ರಸ್ತೆ ಸಿಗಬೇಕು. ಸಂತೆಪೇಟೆ, ಶಾಲೆ ಬಿಡುವ ದಾರಿ, ಮಳೆಗಾಲದಲ್ಲಿ ಮುಳುಗುವ ಹಳ್ಳದ ಸೇತುವೆ ನಡುವೆ ಬರಬಾರದು. ಗಾಡಿ ನಿಲ್ಲುವ ಶೆಡ್ಡು ರಸ್ತೆಗೆ ಮುಖ ಮಾಡಿರಬೇಕು, ಹಿಂದಿನಿಂದ ಒಳಬಂದು ಮುಂದಿನಿಂದ ಹೊರಹೋಗುವಂತಿದ್ದರೆ ಇನ್ನೂ ಚೊಲೋ. ಫೋನಿನ ಕೋಣೆ ಆ ಶೆಡ್ಡಿಗೆ ಹೊಂದಿಕೊಂಡೇ ಇರಬೇಕು. ಸಿಬ್ಬಂದಿಯ ಮನೆಗಳು ಅದೇ ಆವರಣದಲ್ಲಿ ಬೇಕು. ಇಲ್ಲದಿದ್ದರೆ ಮಿರಜ-ಸಾಂಗಲಿಯಿಂದ ಓಡಾಡುವವರು ರಜೆ ಹಾಕಿದ ದಿನ ಗಾಡಿ ಇರುತ್ತೆ, ಓಡಿಸೋರು ಇರಲ್ಲ.

ಎಲ್ಲಕ್ಕಿಂತ ದೊಡ್ಡದು ನೀರು. ನೀರಿಲ್ಲದ ಜತ್ತದಲ್ಲಿ ಬೆಂಕಿ ಆರಿಸುವ ಠಾಣೆ! ಸಾಮಾನ್ಯ ವಾಟರ್ ಟೆಂಡರಿನಲ್ಲಿ ಹಿಡಿಯೋದು 4,500 ಲೀಟರ್. ಎರಡು ಪೈಪು ಜೋರಾಗಿ ಬಿಟ್ಟರೆ ಐದಾರು ನಿಮಿಷಕ್ಕೆ ಖಾಲಿ. ಆಮೇಲೆ ತುಂಬಿಸೋದು ಎಲ್ಲಿ? ಬಾವಿ ಅಂತೀರಿ. ಗಾಡಿಯ ಪಂಪು ಮೇಲಿನಿಂದ ನೀರು ಎಳೆಯಬಲ್ಲದ್ದು ಸುಮಾರು 7 ಮೀಟರ್ ಆಳದಿಂದ ಮಾತ್ರ. ನಮ್ಮ ಬಾವಿಗಳಲ್ಲಿ ಬೇಸಿಗೆಯಲ್ಲಿ ನೀರು ಕಾಣಬೇಕಾದರೆ ಬಗ್ಗಿ ನೋಡಬೇಕು. ಆದ್ದರಿಂದ ಠಾಣೆಗೆ ತನ್ನದೇ ಬೋರು, ನೆಲದೊಳಗಿನ ದೊಡ್ಡ ಟಾಕಿ, ಕರೆಂಟು ಹೋದರೂ ಓಡುವ ಜನರೇಟರು ಬೇಕು. ಜೊತೆಗೆ ದ್ರಾಕ್ಷಿ ತೋಟದವರ ಶೇತತಳೆಗಳ ಪಟ್ಟಿ: ಯಾವುದರಲ್ಲಿ ಏಪ್ರಿಲ್‌ವರೆಗೆ ನೀರಿರುತ್ತೆ, ಯಾವುದರ ದಂಡೆಯವರೆಗೆ ಭಾರೀ ಗಾಡಿ ಹೋಗುತ್ತೆ, ಯಾರ ಒಪ್ಪಿಗೆ ಬೇಕು. ಈ ಪಟ್ಟಿ ಸಾಂಗಲಿಯ ಇಂಜಿನಿಯರ್ ಹತ್ತಿರ ಸಿಗಲ್ಲ. ನಮ್ಮ ಹುಡುಗರಿಗೆ ಬಾಯಿಪಾಠ ಇರುತ್ತೆ. ವಸ್ತಿಯ ಇಕ್ಕಟ್ಟು ದಾರಿಗೆ ದೊಡ್ಡ ಗಾಡಿ ಹೋಗೋದಿಲ್ಲವಾದ್ದರಿಂದ ಸಣ್ಣ ಪಿಕಪ್ ಗಾಡಿಯೊಂದು ಮೊದಲ ದಿನದಿಂದಲೇ ಬೇಕು.

ಗುಡ್ಡಾಪುರವನ್ನಂತೂ ಮರೆಯುವಂತಿಲ್ಲ. ಛಟ್ಟಿ ಅಮಾವಾಸ್ಯೆಗೆ ದಾನಮ್ಮದೇವಿಗೆ ಪಾದಯಾತ್ರೆ ಬರುವವರಲ್ಲಿ ದೊಡ್ಡ ಪಾಲು ಕರ್ನಾಟಕದ ಕನ್ನಡಿಗರು. ದಾರಿಯುದ್ದಕ್ಕೂ ಚಪ್ಪರ, ಅನ್ನದ ಒಲೆ, ಸಿಲಿಂಡರ್. ಆ ಜನಸಾಗರಕ್ಕೆ ಮೈಕಿನಲ್ಲಿ "ಈ ಕಡೆಯಿಂದ ಹೊರಗೆ ಹೋಗಿ" ಅಂತ ಕನ್ನಡದಲ್ಲಿ ಹೇಳೋರು ಸಮವಸ್ತ್ರದಲ್ಲಿ ಇರಬೇಕು. ಹಾಗೇ ಗಡಿಯಾಚೆಯ ವಿಜಯಪುರ ಜಿಲ್ಲೆಯ ಗಾಡಿ ಹತ್ತಿರ ಇದ್ದರೆ ಅದನ್ನ ಕರೆಯೋಕೆ ಎರಡು ಜಿಲ್ಲಾಡಳಿತಗಳ ನಡುವೆ ಲಿಖಿತ ಒಪ್ಪಂದ ಬೇಕು. ಇದ್ದರೆ ತೋರಿಸಲಿ, ಇಲ್ಲದಿದ್ದರೆ ಮಾಡಿಕೊಳ್ಳಲಿ. ಬಣವಿ ಉರಿಯುವಾಗ ಯಾರ ಗಾಡಿ ಅಂತ ಕೇಳೋ ರೈತನನ್ನ ನಾವು ಇನ್ನೂ ಕಂಡಿಲ್ಲ.

ನಡುವೆ ಒಂದು ಮಾತು, ಬೆಂಗಳೂರಿನವರಿಗೆ. ನಿಪ್ಪಾಣಿಯ ಮರಾಠಿ ಅಜ್ಜಿ ಕರ್ನಾಟಕದ ಠಾಣೆಗೆ ಫೋನ್ ಮಾಡಿ ಮರಾಠಿಯಲ್ಲಿ ಕೂಗಿದರೆ ಆಕೆಗೂ ಉತ್ತರ ಸಿಗಬೇಕು. ಇಲ್ಲಿ ಕೇಳೋದನ್ನ ಅಲ್ಲಿ ಕೊಡದೆ ಇದ್ದರೆ ನಮ್ಮ ಅರ್ಜಿಗೆ ಮುಖ ಎಲ್ಲಿ? ಇದಕ್ಕೆ ಯಾರಾದರೂ ನಮ್ಮನ್ನ ದ್ರೋಹಿ ಅಂದರೆ ಅನ್ನಲಿ, ಅಭ್ಯಾಸ ಆಗಿದೆ.

ಕೆಲಸಕ್ಕೆ ಬನ್ನಿ. ಮುಂದಿನ ಗ್ರಾಮಸಭೆಯಲ್ಲಿ ಠಾಣೆಯ ಠರಾವು ಆಗಬೇಕು. ಠರಾವಿನಲ್ಲಿ ಬರೀ "ಅಗ್ನಿಶಾಮಕ ಠಾಣೆ ಬೇಕು" ಅಂತ ಬರೆಸಿ ಸುಮ್ಮನಾಗಬೇಡಿ. ಜಾಗದ ಗಟ್ ನಂಬರ್, ನೀರಿನ ಮೂಲ, ಪಾಳಿಗೆ ಒಬ್ಬರು ಕನ್ನಡ ಬಲ್ಲವರು, ಎರಡು ಭಾಷೆಯ ನಕಾಶೆ, ನಾಲ್ಕನ್ನೂ ಬರೆಸಿ. ಅದರ ಪ್ರತಿ ಜಿಲ್ಲಾ ನಿಯೋಜನ ಸಮಿತಿಗೆ, ಇನ್ನೊಂದು ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ. ಅರ್ಜಿ ಕನ್ನಡದಲ್ಲೇ ಕೊಡಬಹುದು, ಸಂವಿಧಾನದ 350ನೇ ವಿಧಿ ಅದಕ್ಕೇ ಇದೆ. "ಮರಾಠಿಯಲ್ಲಿ ತನ್ನಿ" ಅಂದರೆ ಜಗಳ ಆಡಬೇಡಿ, ಹಾಗಂತ ಬರೆದುಕೊಡಿ ಅನ್ನಿ. ಬರೆದುಕೊಡೋದಿಲ್ಲ, ಅರ್ಜಿ ತಗೋತಾರೆ. ಏಪ್ರಿಲ್ 14ರಿಂದ ಅಗ್ನಿಶಾಮಕ ಸಪ್ತಾಹ ಇರುತ್ತೆ. ಆ ವಾರ ನಿಮ್ಮ ಕನ್ನಡ ಶಾಲೆಗೂ ಬಂದು ಮಕ್ಕಳಿಗೆ ಕನ್ನಡದಲ್ಲಿ ಪ್ರಾತ್ಯಕ್ಷಿಕೆ ತೋರಿಸಿ ಅಂತ ಮುಖ್ಯಾಧ್ಯಾಪಕರಿಂದ ಈಗಲೇ ಪತ್ರ ಹಾಕಿಸಿ.

ವಸ್ತಿಗಳ ಪಟ್ಟಿ ಮಾತ್ರ ಯಾರಿಗೂ ಕಾಯಬೇಕಿಲ್ಲ. ಈ ಭಾನುವಾರ ಇಬ್ಬಿಬ್ಬರು ಒಂದೊಂದು ಬೈಕ್ ತಗೊಂಡು ಹೊರಡಿ. ವಸ್ತಿಯ ಹೆಸರು ಜನ ಕರೆಯೋ ಹಾಗೇ ಬರೆಯಿರಿ, ಪಕ್ಕದಲ್ಲಿ ಮರಾಠಿಯಲ್ಲೂ ಬರೆಯಿರಿ, ದೊಡ್ಡ ಗಾಡಿ ಎಲ್ಲಿಯವರೆಗೆ ಬರುತ್ತೆ ಅಂತ ಗುರುತು ಹಾಕಿ, ಹತ್ತಿರದ ಶೇತತಳೆ ಯಾರದ್ದು ಅಂತ ಬರೆದು ನಮಗೆ ಕಳಿಸಿ. ಅಕ್ಕಲಕೋಟದವರು ಕೂಡ.